ಕೊಡಗಿನ ಮನೆಗಳಲ್ಲಿ ಮಕ್ಕಳ ವಿನಯಶಿಕ್ಷಣ

ಮಕ್ಕಳಿಗೆ ವಿನಯವನ್ನು ಕಲಿಸುವುದೆಂತು ಎಂಬ ಪ್ರಶ್ನೆಯು ಸಂಸಾರಸ್ಥರೆಲ್ಲರನ್ನೂ ಒಂದಲ್ಲ ಒಂದು ದಿನ ಎದುರಿಸಿಯೇ ತೀರುವುದು. “ಗಿಡವಾಗಿ ಬಗ್ಗದುದು ಮರವಾಗಿ ಬಗ್ಗೀತೆ?” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಗಿಡವನ್ನು ಮುರಿಯದಂತೆ ಬಗ್ಗಿಸುವ ಬಗೆ ಯಾವುದು, ಅದನ್ನು ಯಾರು ಮಾಡತಕ್ಕದ್ದು, ಯಾವ ಹೊತ್ತಿನಲ್ಲಿ ಮಾಡತಕ್ಕದ್ದು ಎಂಬುದನ್ನು ಗಾದೆಯು ತಿಳಿಸುವುದಿಲ್ಲ. ಅದನ್ನು ಪ್ರತಿಯೊಂದು ಮನೆಯೂ ತನ್ನ ನಿತ್ಯಜೀವನದಲ್ಲಿಯೇ ಕಂಡುಕೊಳ್ಳಬೇಕಾಗಿದೆ. ಈ ವಿಚಾರವನ್ನು ಕೊಡಗಿನ ಮನೆಗಳ ನಡೆವಳಿಕೆಯನ್ನು ಮುಂದಿಟ್ಟುಕೊಂಡು ನಾವು ಇಲ್ಲಿ ಆಲೋಚಿಸಲೆಳಸುವೆವು. ವಿನಯವು ಆ ಒಂದು ನಾಡಿನ ಸೊತ್ತೆಂಬುದು ನಮ್ಮ ಅಭಿಪ್ರಾಯವಲ್ಲ. ಅಲ್ಲಿಯ ಹಿರಿಯರು ಮಕ್ಕಳಿಗೆ ಕಲಿಸಬೇಕಾದುದನ್ನು ಬರಿಯ ಮಾತಿಗೆ ಬಿಡದೆ ದೀಪ, ಜಗಲಿ, ಗದ್ದೆ, ಕೋವಿ ಮುಂತಾದವುಗಳಿಗೆ ಹೊಂದಿಸಿ ಇಟ್ಟಿದ್ದಾರೆ. ಆದುದರಿಂದ ಆ ಶಿಕ್ಷಣವು ನಡೆಯುವ ಕ್ರಮವು ಅಲ್ಲಿ ಕಣ್ಣಿಗೆ ಕಾಣುವಂತಿದೆ.

ಕೊಡವರಲ್ಲಿ ಒಬ್ಬನೇ ಮೂಲಪುರುಷನ ಸಂತತಿಯವರೆಲ್ಲರೂ ಸೇರಿ ಒಂದು ‘ಒಕ್ಕ’ವೆನಿಸುವರು. ಒಕ್ಕದ ಮೂಲದ ಮನೆಯೇ ‘ಐನ್‌ಮನೆ’. ಮೂಲಪುರುಷನನ್ನು ‘ಗುರುಕಾರಣ’ನೆಂದು ಸ್ಮರಿಸುವರು. ಮನುಷ್ಯನ ಹೆಸರನ್ನು ಹೇಳುವಾಗ ಒಕ್ಕದ ಹೆಸರು ಮೊದಲು, ಅವನ ಸ್ವಂತ ಹೆಸರು ಆಮೇಲೆ. ಕೊಡಂದೇರ ಮಾದಪ್ಪ ಕಾರ್ಯಪ್ಪ, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಎಂಬ ಸೇನಾಧಿಪತಿಗಳ ಹೆಸರುಗಳನ್ನು ಕೇಳದವರಾರು? ಇದು ಬರಿಯ ಬರೆವಣಿಗೆಯ ಕ್ರಮವೆಂದು ತಿಳಿಯಬಾರದು. ತನ್ನ ಹೆಸರನ್ನು ಹೇಳುವ ಪ್ರತಿಸಾರಿಯೂ ಮಗುವು ತನಗಿಂತ ಮೊದಲಿನವರನ್ನು ಮುಂದೆ ನಿಲ್ಲಿಸಿ ತಾನು ಹಿಂದೆ ನಿಲ್ಲುವುದಷ್ಟೆ. ತಾನು ಸಂತೆಯಲ್ಲಿ ಆಡಿದ ಒರಟು ಮಾತು ಒಕ್ಕದ ಹೆಸರಿಗೆ ಹತ್ತುವುದೆಂಬ ಅರಿವು ಅದಕ್ಕೆ ಯಾರ ಉಪದೇಶವೂ ಇಲ್ಲದೆ ಬರುವುದು.

ಸಂಬಂಧವಾಚಕಗಳಲ್ಲಿಯೂ ಇಂತಹದೇ ಒಂದು ಶಿಕ್ಷಣವುಂಟು. ತಂದೆಯ ಅಣ್ಣನು ‘ಬಲ್ಯಪ್ಪ’, ತಂದೆಯ ತಮ್ಮನು ‘ಕುಂಞಪ್ಪ’. ಹಿರಿಯವನೂ ಅಪ್ಪನೇ, ಕಿರಿಯವನೂ ಅಪ್ಪನೇ. ಐನ್‌ಮನೆಯು ತುಂಬಿದ್ದ ಕಾಲದಲ್ಲಿ ಮಗುವನ್ನು ತಿದ್ದುವ ಅಧಿಕಾರವು ಹೆತ್ತವರಿಗೆ ಮಾತ್ರವೇ ಮೀಸಲಾಗಿರಲಿಲ್ಲ. ಮುದ್ದಿಸುವ ಹೊಣೆಯೂ ಹಾಗೆಯೇ ಹಂಚಿಹೋಗಿತ್ತು. ತಂದೆಯು ಗದರಿದ ದಿನ ಕುಂಞಪ್ಪನು ಹೆಗಲ ಮೇಲೆ ಕೂರಿಸಿಕೊಂಡು ಗದ್ದೆಯ ಕಡೆಗೆ ಕರೆದೊಯ್ಯುವನು. ಗದರಿಕೆಯು ಮನಸ್ಸಿನಲ್ಲಿ ಗಾಯವಾಗಿ ನಿಲ್ಲದೆ ಪಾಠವಾಗಿ ಇಳಿಯಲು ಇದು ಎಷ್ಟು ಸಹಾಯಕವೆಂಬುದನ್ನು ತಾಯಂದಿರು ಬಲ್ಲರು.

ಐನ್‌ಮನೆಯ ರಚನೆಯನ್ನು ನೋಡಿದರೂ ಅಷ್ಟೆ. ಮುಂದಿನ ಜಗಲಿಯಾದ ‘ಕೈಯಾಲೆ’ಯಲ್ಲಿ ಕಂಬಗಳ ನಡುವೆ ‘ಐಮರ’ವೆಂಬ ಅಗಲವಾದ ಹಲಗೆ, ಅದು ಹಿರಿಯರು ಕುಳಿತುಕೊಳ್ಳುವ ಸ್ಥಾನ. ಒಳಗಿನ ನಡುಮನೆಯಲ್ಲಿ ‘ನೆಲ್ಲಕ್ಕಿ’ಯ ತೂಗುದೀಪ. ಸಂಜೆ ಆ ದೀಪವು ಬೆಳಗಿದೊಡನೆ ಮನೆಯ ಮಾತುಕತೆಯ ಧ್ವನಿಯೇ ತಗ್ಗುವುದು. ಇಲ್ಲಿ ಕುಳಿತುಕೊಳ್ಳಬಹುದು, ಅಲ್ಲಿ ಕೂಡದು. ಈಗ ಕೂಗಬಹುದು, ಆಗ ಕೂಡದು ಎಂಬ ಹೊತ್ತು-ಸ್ಥಳಗಳ ವಿವೇಕವನ್ನು ಮಗುವು ಮನೆಯ ಕಂಬ-ದೀಪಗಳಿಂದಲೇ ಕಲಿಯುವುದು. ಸುಸಂಸ್ಕೃತನೆನಿಸಿಕೊಳ್ಳುವವನ ಮುಖ್ಯ ಲಕ್ಷಣವು ಈ ವಿವೇಕವೇ ಅಲ್ಲವೆ?

ಹಿರಿಯರ ಪಾದವನ್ನು ಮುಟ್ಟುವ ಪದ್ಧತಿಯು ನಮ್ಮ ದೇಶದಲ್ಲೆಲ್ಲಾ ಉಂಟು. ಕೊಡವರು ಮೂರು ಸಾರಿ ಬಾಗಿ ಪಾದವನ್ನು ಮುಟ್ಟಿ ಕೈಯನ್ನು ಹಣೆಗೆ ಒತ್ತಿಕೊಳ್ಳುವರು. ಒಂದು ಸಾರಿ ಬಾಗುವುದನ್ನು ಅವಸರದಲ್ಲಿ ಮುಗಿಸಿಬಿಡಬಹುದು. ಮೂರು ಸಾರಿ ಬಾಗಬೇಕಾದರೆ ನಿಲ್ಲಲೇಬೇಕು. ಹಾಗೆ ನಿಂತ ಮಗುವಿನ ತಲೆಯ ಮೇಲೆ ಕೈಯಿಟ್ಟು ಹರಸಲು ಹಿರಿಯರೂ ತಮ್ಮ ಮಾತನ್ನೋ ಕೆಲಸವನ್ನೋ ನಿಲ್ಲಿಸಬೇಕಾಗುವುದು. ಈ ಎರಡನೆಯ ಅಂಶವನ್ನು ನಾವು ಅನೇಕವೇಳೆ ಮರೆಯುತ್ತೇವೆ. ಬಾಗಿದ ಮಗುವಿನ ಕಡೆಗೆ ನೋಡದೆ ಬೇರೊಬ್ಬರೊಡನೆ ಮಾತನಾಡುತ್ತಾ “ಆಗಲಿ, ಆಗಲಿ” ಎಂದುಬಿಡುವ ಹಿರಿಯರು, ಮಕ್ಕಳಿಗೆ ವಿನಯವಿಲ್ಲವೆಂದು ಮುಂದೆ ದೂರುವುದು ನ್ಯಾಯವಲ್ಲ. ಕೊಟ್ಟ ಮರ್ಯಾದೆಯನ್ನು ಸ್ವೀಕರಿಸುವುದೂ ಒಂದು ಮರ್ಯಾದೆಯೇ.

ಇನ್ನು ಹಬ್ಬಗಳ ವಿಷಯ. ನಾಟಿಯ ಕೆಲಸವು ಮುಗಿದ ಮೇಲೆ ಸೆಪ್ಟೆಂಬರ್ ತಿಂಗಳಿನ ಆದಿಯಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುವರು. ಗಂಡುಮಗು ಹುಟ್ಟಿದಾಗ ಹರಳುಗಿಡದ ಕಡ್ಡಿಯ ಬಿಲ್ಲುಬಾಣವನ್ನು ಅದರ ಕೈಗೆ ಮುಟ್ಟಿಸಿ ಗುಂಡು ಹಾರಿಸುವ ಪದ್ಧತಿಯಿರುವ ನಾಡು ಅದು. ಆಯುಧ ಕಾನೂನಿನಿಂದ 1861ರಲ್ಲಿ ಕೊಡಗಿಗೆ ದೊರೆತ ವಿನಾಯಿತಿಯನ್ನು ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿದೆ. ಮನೆಯಲ್ಲಿ ಕೋವಿಯಿದ್ದ ಮೇಲೆ ಮಕ್ಕಳನ್ನು ಸಂಯಮವಿಲ್ಲದೆ ಬೆಳೆಸಲಾಗುವುದೆ? ಪೂಜೆಗೆ ಮುಂಚೆ ಮುಟ್ಟಕೂಡದು, ಹಿರಿಯರು ಕೈಗೆ ಕೊಡದೆ ಎತ್ತಕೂಡದು ಎಂಬ ನಿಯಮವು ಆ ದಿನದ ಸಂಭ್ರಮದಲ್ಲಿಯೇ ಮಗುವಿನ ಮನಸ್ಸಿಗೆ ಇಳಿಯುವುದು. ಬೇಕೆಂದೊಡನೆ ಕೈಗೆ ಸಿಕ್ಕಬೇಕೆನ್ನುವ ಹಟವನ್ನು ಮುರಿಯಲು ಕಾಯುವುದಕ್ಕಿಂತ ಒಳ್ಳೆಯ ಮದ್ದಿಲ್ಲ.

ಅಕ್ಟೋಬರ್ ತಿಂಗಳಿನ ನಡುವೆ ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವುದು. ಮನೆಗಳಲ್ಲಿ ಮುತ್ತೈದೆಯರು ಸೌತೆಕಾಯಿಯನ್ನೋ ತೆಂಗಿನಕಾಯಿಯನ್ನೋ ಕೆಂಪು ರೇಷ್ಮೆಯಿಂದಲೂ ಆಭರಣಗಳಿಂದಲೂ ಅಲಂಕರಿಸಿ, ಅದರಲ್ಲಿ ಕಾವೇರಮ್ಮನನ್ನು ಭಾವಿಸಿ ಪೂಜಿಸುವರು. ಮನೆಯವರೆಲ್ಲರೂ ಅಕ್ಕಿ-ಹೂಗಳನ್ನು ಅರ್ಪಿಸಿದ ಮೇಲೆ ಕಿರಿಯರು ಹಿರಿಯರಿಗೆ ನಮಸ್ಕರಿಸುವರು. ನದಿಯು ನಮ್ಮ ಹಿತ್ತಿಲಿನ ಸೌತೆಕಾಯಿಯಲ್ಲಿ ಬಂದು ಕುಳಿತುಕೊಳ್ಳುವಳೆಂದು ಕಂಡ ಮಗುವು ನೀರಿಗೆ ಕಸವನ್ನು ಎಸೆಯಲು ಒಂದು ಕ್ಷಣವಾದರೂ ಹಿಂಜರಿಯದಿರದು. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ, ಕನ್ನಡದಲ್ಲಿ ನಾವು ಹುತ್ತರಿಯೆನ್ನುವ ಆ ಹಬ್ಬದಲ್ಲಿ, ರಾತ್ರಿಯ ಹೊತ್ತು ಮನೆಮಂದಿಯೆಲ್ಲರೂ ದೀಪವನ್ನು ಹಿಡಿದು ಗದ್ದೆಗೆ ಹೋಗಿ, ಗುಂಡು ಹಾರಿಸಿ, ‘ಪೊಲಿ’ ಎಂದು ಸಮೃದ್ಧಿಯನ್ನು ಕೂಗಿ ಕರೆದು ಹೊಸ ಕದಿರನ್ನು ತರುವರು. ಅನ್ನವು ಅಂಗಡಿಯಿಂದ ಬರುವುದೆಂದು ತಿಳಿದ ಮಗುವಿಗೂ, ಕತ್ತಲಲ್ಲಿ ಹಿಮದ ಗದ್ದೆಯಿಂದ ಅದನ್ನು ಹೊತ್ತು ತಂದ ಮಗುವಿಗೂ ಎಲೆಯ ಮೇಲೆ ಅಗುಳನ್ನು ಬಿಡುವುದರಲ್ಲಿ ವ್ಯತ್ಯಾಸವಿದ್ದೇ ಇರುವುದು. ಇಂತಹ ಆಚಾರಗಳನ್ನೂ ಹಾಡುಗಳನ್ನೂ ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯೆಂಬ ಗ್ರಂಥವಾಗಿ ಪ್ರಕಟಿಸಿದರು. ಅವರ ಆ ಶ್ರಮಕ್ಕೆ ನಾಡು ಋಣಿಯಾಗಿದೆ.

ಆದರೆ ಗ್ರಂಥದಲ್ಲಿ ಉಳಿದುದು ಮನೆಯಲ್ಲಿ ಉಳಿದಿದೆಯೆ ಎಂಬುದೇ ಈಗಿನ ಪ್ರಶ್ನೆ. ಒಕ್ಕದವರು ಬೇರೆಬೇರೆ ಮನೆಗಳನ್ನು ಕಟ್ಟಿಕೊಂಡು ತೋಟಗಳಲ್ಲಿ ನೆಲಸಿದ್ದಾರೆ. ಅನೇಕರು ಸೈನ್ಯ, ಉದ್ಯೋಗ, ವಿದ್ಯೆಗಳಿಗಾಗಿ ಮೈಸೂರು, ಬೆಂಗಳೂರು ಮತ್ತು ಪರದೇಶಗಳನ್ನು ಸೇರಿದ್ದಾರೆ. ಎಷ್ಟೋ ಐನ್‌ಮನೆಗಳು ವರ್ಷದಲ್ಲಿ ಹಬ್ಬ-ಕಾರಣಗಳ ದಿನ ಮಾತ್ರ ತುಂಬುವುವು. ಇದನ್ನು ನಾವು ನಿಂದಿಸುವುದಿಲ್ಲ. ಹೊಟ್ಟೆಪಾಡೂ ವಿದ್ಯೆಯೂ ಕರೆದಲ್ಲಿಗೆ ಮನುಷ್ಯನು ಹೋಗಲೇಬೇಕು. ಒಕ್ಕದ ಪ್ರೀತಿಯು ಇನ್ನೂ ಆರಿಲ್ಲವೆಂಬುದಕ್ಕೆ 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವವೇ ಸಾಕ್ಷಿ. ಅದರಲ್ಲಿ ಒಕ್ಕಕ್ಕೆ ಒಂದು ತಂಡ. ನರೆತ ತಲೆಯವರೂ ಶಾಲೆಯ ಹುಡುಗರೂ ಹೆಣ್ಣುಮಕ್ಕಳೂ ಒಂದೇ ಹೆಸರಿನಡಿಯಲ್ಲಿ ಆಡುವರು. ಆದರೂ ವಿನಯವೆಂಬುದು ವರ್ಷಕ್ಕೆರಡು ಸಾರಿ ಪೆಟ್ಟಿಗೆಯಿಂದ ತೆಗೆದು ಉಡುವ ಕುಪ್ಯಚೇಲೆಯಂತಾಗುವ ಭಯವುಂಟು. ಪುತ್ತರಿಯಂದು ಮೂರು ಸಾರಿ ಬಾಗಿದ ಹುಡುಗನು ಮರುದಿನ ಅಜ್ಜಿಯ ಕರೆಗೆ ಓಗೊಡದಿದ್ದರೆ ಆ ಬಾಗುವಿಕೆಯಿಂದ ಫಲವೇನು?

ಆದುದರಿಂದ ಚಿಕ್ಕ ಸಂಸಾರದ ಮನೆಗಳಲ್ಲಿಯೂ ದಿನಂಪ್ರತಿ ನಡೆಯತಕ್ಕ ಕೆಲವು ಸಂಗತಿಗಳನ್ನು ಹೇಳುವೆವು. ಮೊದಲನೆಯದು ಊಟ. ದಿನಕ್ಕೊಂದು ಹೊತ್ತಾದರೂ ಮನೆಯವರೆಲ್ಲರೂ ಕೂಡಿ ಉಣ್ಣಬೇಕು. ಕಡಂಬುಟ್ಟಾಗಲಿ ಗಂಜಿಯಾಗಲಿ, ಹಿರಿಯರಿಗೂ ಅತಿಥಿಗಳಿಗೂ ಬಡಿಸಿದ ಮೇಲೆ ತನ್ನ ತಟ್ಟೆ ಎಂಬುದನ್ನು ಮಗುವೇ ಬಡಿಸಿ ಕಲಿಯಲಿ. ಅಡಿಗೆ ಮಾಡಿದ ತಾಯಿಗೆ ಉಳಿದಿದೆಯೆ ಎಂದು ನೋಡುವುದನ್ನೂ ಕಲಿಯಲಿ. ಎರಡನೆಯದು ಮನೆಗೆ ಬಂದವರ ಉಪಚಾರ. ಬಾಗಿಲಿಗೆ ಬಂದವರನ್ನು ಕಂಡು ಎದ್ದು ನಿಲ್ಲುವುದು, ಕುಳಿತುಕೊಳ್ಳಲು ಹೇಳುವುದು, ನೀರು ತಂದುಕೊಡುವುದು, ಇಷ್ಟನ್ನು ಆರು ವರ್ಷದ ಮಗುವೂ ಮಾಡಬಲ್ಲುದು. ಮೂರನೆಯದು ಫೋನು. ಊಟದ ಹೊತ್ತಿನಲ್ಲಿಯೂ ಹಿರಿಯರು ಮಾತನಾಡಿಸುವಾಗಲೂ ಮಕ್ಕಳು ಅದರಲ್ಲಿ ಮುಳುಗಿರುವರೆಂಬ ದೂರು ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ತಂದೆಯ ಬಲಗೈಯಲ್ಲಿ ತುತ್ತು, ಎಡಗೈಯಲ್ಲಿ ಫೋನು ಇರುವ ಮನೆಯಲ್ಲಿ ಈ ದೂರಿಗೆ ಅರ್ಥವಿಲ್ಲ. ಸಂಜೆಯ ದೀಪ ಹಚ್ಚಿದಲ್ಲಿಂದ ಊಟ ಮುಗಿಯುವವರೆಗೆ ಮನೆಯ ಫೋನುಗಳೆಲ್ಲವೂ, ಹಿರಿಯರವನ್ನೂ ಸೇರಿಸಿ, ಒಂದು ಕಡೆ ಇರಲಿ.

ನಾಲ್ಕನೆಯದು ಇವೆಲ್ಲಕ್ಕಿಂತ ಮುಖ್ಯವಾದುದು. ಅದರ ವಿಷಯದಲ್ಲಿ ನಾವು ಸ್ವಲ್ಪ ನಿಷ್ಠುರವಾಗಿಯೇ ಮಾತನಾಡುವೆವು. ನೆಂಟರಿಷ್ಟರ ಮುಂದೆ ತಗ್ಗಿ ನಡೆಯುವ ಮಗುವು ತೋಟದ ಲೈನುಮನೆಯ ಮುದುಕನನ್ನು “ಬಾರೋ, ಹೋಗೋ” ಎಂದು ಕರೆದರೆ ಅದಕ್ಕೆ ವಿನಯವು ಬಂದಿಲ್ಲವೆಂದೇ ತಿಳಿಯಬೇಕು. ಅದು ಬಲವುಳ್ಳವರ ಮುಂದೆ ಬಾಗುವುದನ್ನು ಮಾತ್ರ ಕಲಿತಿದೆ. ಮಗುವು ಈ ಮಾತನ್ನು ತಾನಾಗಿ ಕಲ್ಪಿಸಿಕೊಂಡುದಲ್ಲ; ನಮ್ಮ ಬಾಯಿಂದ ಕೇಳಿ ಕಲಿತುದು. ಕೊಡಗಿನಲ್ಲಿ ಯರವರು ಮುಂತಾದ ಜನರು ಬಹುಕಾಲ ಒಡೆಯರ ಹೊಲಗಳಿಗೆ ಕಟ್ಟುಬಿದ್ದು ದುಡಿದರು. 1976ರ ಕಾನೂನು ಜೀತವನ್ನು ರದ್ದುಗೊಳಿಸಿತು. ಆದರೆ ನಾಲಗೆಯ ಮೇಲಿನ ಹಳೆಯ ಅಭ್ಯಾಸವನ್ನು ಕಾನೂನು ಬಿಡಿಸಲಾರದು, ಮನೆಯೇ ಬಿಡಿಸಬೇಕು. ಐರಿಗಳು ಹದಮಾಡಿದ ಕತ್ತಿ, ಮೇದರು ಹೆಣೆದ ಕುಕ್ಕೆ, ಯರವತಿಯು ನೆಟ್ಟ ಪೈರು, ಇವುಗಳಿಲ್ಲದೆ ಯಾವ ಕೈಲ್‌ಪೊಳ್ದ್, ಯಾವ ಪುತ್ತರಿ? ವಯಸ್ಸಿನಲ್ಲಿ ಹಿರಿಯರಾದ ಕೆಲಸದವರನ್ನು ಮಕ್ಕಳು ಅಣ್ಣ, ಅಕ್ಕ, ಅಜ್ಜ ಎಂದು ಕರೆಯಲಿ. ಹಿರಿಯರು ಮೊದಲು ಹಾಗೆ ಕರೆದು ತೋರಿಸಲಿ.

ತನ್ನ ಮಗನಿಗೊಂದು, ಊರ ಮಕ್ಕಳಿಗೊಂದು ಎಂಬ ಭೇದವನ್ನು ಮಾಡದ ಹಿರಿತನಕ್ಕೆ ಕೊಡಗಿನಲ್ಲಿಯೇ ಉದಾಹರಣೆಯುಂಟು. 1949ರ ಜನವರಿ 15ರಂದು ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರು ನಿವೃತ್ತರಾಗಿ ಮಡಿಕೇರಿಯಲ್ಲಿದ್ದರು. 1965ರ ಯುದ್ಧದಲ್ಲಿ ಅವರ ಮಗ, ವಿಮಾನಪಡೆಯ ಅಧಿಕಾರಿ ನಂದಾ ಕಾರ್ಯಪ್ಪನವರು ಪಾಕಿಸ್ತಾನದಲ್ಲಿ ಸೆರೆಸಿಕ್ಕಿದರು. ಅಲ್ಲಿಯ ಅಧ್ಯಕ್ಷ ಅಯೂಬ್ ಖಾನರು ಹಿಂದೆ ಕಾರ್ಯಪ್ಪನವರ ಪರಿಚಿತರು. ಮಗನಿಗೆ ವಿಶೇಷ ಸೌಕರ್ಯವನ್ನು ಒದಗಿಸುವ ಮಾತು ಬಂದಾಗ, ಸೆರೆಯಲ್ಲಿರುವ ಸೈನಿಕರೆಲ್ಲರೂ ತಮ್ಮ ಮಕ್ಕಳೇ, ನೋಡಿಕೊಳ್ಳುವುದಾದರೆ ಎಲ್ಲರನ್ನೂ ಸಮನಾಗಿ ನೋಡಿಕೊಳ್ಳಬೇಕೆಂದು ತಂದೆಯು ಉತ್ತರವಿತ್ತರು. ಹೆತ್ತ ಕರುಳು ಅವರಿಗೂ ಇದ್ದಿತಲ್ಲವೆ? ಇಂತಹ ನಡತೆಯು ಯಾವ ಉಪದೇಶಕ್ಕಿಂತಲೂ ಹೆಚ್ಚಾಗಿ ಮಕ್ಕಳ ಮನಸ್ಸಿನಲ್ಲಿ ನಿಲ್ಲುವುದು.

ಇನ್ನೊಂದು ಎಚ್ಚರಿಕೆ. ವಿನಯವೆಂದರೆ ಬಾಯಿ ಮುಚ್ಚಿಕೊಂಡಿರುವುದೆಂದು, ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ, ಕೆಲವರು ಭಾವಿಸುವರು. ಕೊಡಗಿನ ಗೌರಮ್ಮನವರನ್ನು ನೆನೆಯಬೇಕು. 1934ರಲ್ಲಿ ಮಹಾತ್ಮ ಗಾಂಧಿಯವರು ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೂ ಬರಬೇಕೆಂದು ಈ ಎಳೆಯ ಗೃಹಿಣಿಯು ಉಪವಾಸವನ್ನು ಕೈಕೊಂಡರು. ಗಾಂಧಿಯವರು ಬಂದರು, ಗೌರಮ್ಮನವರು ತಮ್ಮ ಆಭರಣಗಳನ್ನು ಹರಿಜನ ನಿಧಿಗೆ ಅರ್ಪಿಸಿದರು. ಅವರು ಕೂಗಾಡಲಿಲ್ಲ, ಯಾರನ್ನೂ ಹಳಿಯಲಿಲ್ಲ. ತಮ್ಮ ಇಷ್ಟವನ್ನು ಮಾತ್ರ ಬಿಡಲೂ ಇಲ್ಲ. 1939ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿಯೇ ತೀರಿಕೊಂಡ ಆಕೆಯ ಕತೆಗಳು ಇಂದಿಗೂ ಕನ್ನಡಿಗರ ಮನೆಗಳಲ್ಲಿ ಓದಲ್ಪಡುತ್ತಿವೆ. ಮಗುವು ಹಿರಿಯರ ಮಾತನ್ನು ಒಪ್ಪದಿದ್ದಾಗ ಹಾಗೆಂದು ನಯವಾಗಿ ಹೇಳಲು ಮನೆಯಲ್ಲಿ ಎಡೆಯಿರಬೇಕು. ಎಡೆಯಿಲ್ಲದ ಮನೆಯಲ್ಲಿ ಮಕ್ಕಳು ಮುಂದೆ ತಲೆಬಾಗಿ ಹಿಂದೆ ಸುಳ್ಳಾಡುವುದನ್ನು ಕಲಿಯುವರು.

ತಪ್ಪನ್ನು ತಿದ್ದುವ ಕ್ರಮದಲ್ಲಿಯೂ ವಿವೇಕವು ಬೇಕು. ಅತಿಥಿಗಳ ಮುಂದೆ ಮಗುವನ್ನು ಹಂಗಿಸಬಾರದು. ಅವರು ಹೋದ ಮೇಲೆ ಹತ್ತಿರ ಕರೆದು ಹೇಳಬೇಕು. ತಾಯಿಯು ಬೇಡವೆಂದುದನ್ನು ತಂದೆಯು ಕೊಡಿಸಬಾರದು. ಪಕ್ಕದ ಮನೆಯ ವಸ್ತುವನ್ನು ಒಡೆದುಬಂದ ಮಗುವಿನ ಪರವಾಗಿ ನಾವು ಹೋಗಿ ಹಣ ತೆತ್ತರೆ ಮಗುವು ಏನನ್ನೂ ಕಲಿಯದು. ಅದನ್ನೇ ಜೊತೆಯಲ್ಲಿ ಕರೆದೊಯ್ದು ಅದರ ಬಾಯಿಂದಲೇ ಕ್ಷಮೆ ಬೇಡಿಸಬೇಕು. ಹೊಡೆತದ ವಿಷಯದಲ್ಲಿ ನಮ್ಮ ಅಭಿಪ್ರಾಯವು ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕಿನ ಕಾನೂನು ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದೆ. ಶಾಲೆಯಲ್ಲಿ ಕೂಡದೆಂದು ದೇಶವು ತೀರ್ಮಾನಿಸಿದ ಬೆತ್ತವನ್ನು ಮನೆಯ ಮೂಲೆಯಲ್ಲಿ ಇಟ್ಟುಕೊಳ್ಳುವುದು ಗೃಹಸ್ಥರಿಗೆ ಶೋಭೆಯಲ್ಲ. ಭಯದಿಂದ ಬಂದ ನಡತೆಯು ಭಯವು ಮರೆಯಾದೊಡನೆ ತಾನೂ ಮರೆಯಾಗುವುದು.

ಐನ್‌ಮನೆಯ ಹೆಬ್ಬಾಗಿಲಿನಿಂದ ದೂರ ಹೋದವರು ಪಟ್ಟಣದ ಎರಡು ಕೋಣೆಗಳ ಮನೆಯಲ್ಲಿ ಕೈಯಾಲೆಯನ್ನಾಗಲಿ ಐಮರವನ್ನಾಗಲಿ ಕಟ್ಟಲಾರರು, ನಿಜ. ಆದರೆ ಸಂಜೆಯೊಂದು ದೀಪ, ಕೂಡಿ ಉಣ್ಣುವ ಒಂದು ಊಟ, ದೂರದ ಬಲ್ಯಪ್ಪನಿಗೂ ಕುಂಞಪ್ಪನಿಗೂ ವಾರಕ್ಕೊಮ್ಮೆ ಮಕ್ಕಳಿಂದಲೇ ಮಾತನಾಡಿಸುವುದು, ಬೀದಿ ಗುಡಿಸುವವರನ್ನೂ ಹಾಲು ತರುವವರನ್ನೂ ಬಹುವಚನದಿಂದ ಕರೆಯುವುದು, ಇವಕ್ಕೆ ಐನ್‌ಮನೆಯ ವಿಸ್ತಾರವು ಬೇಡ. ಇಷ್ಟನ್ನು ನಮ್ಮ ಗೃಹಸ್ಥರೂ ಗೃಹಿಣಿಯರೂ ಇಂದಿನಿಂದಲೇ ಆರಂಭಿಸಬಹುದು. ಮುಂದಿನ ಪುತ್ತರಿಗೆ ಮಕ್ಕಳನ್ನು ಊರಿಗೆ ಕರೆದೊಯ್ದಾಗ ಅವರು ಮೂರು ಸಾರಿ ಬಾಗುವುದು ಆಗ ಹೇಳಿಕೊಟ್ಟ ಪಾಠದಂತಿರದೆ ಮನೆಯಲ್ಲಿ ದಿನವೂ ನಡೆದುಬಂದ ನಡತೆಯ ಮುಂದುವರಿಕೆಯಾಗಿರಲೆಂದು ನಾವು ಹಾರೈಸುವೆವು.