ಹಳೆಯ ಮನೆಗಾಡಿ: ರಾಶಿಯ ತಳಕ್ಕೆ ಕೈ ಹಾಕಿ ನೋಡಿ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ನೀವು ಎಂದಾದರೂ ಹೋಗಿದ್ದೀರಾ? ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಅದು. ರೈತರು ತಂದು ಸುರಿದ ಗೂಡಿನ ಮುಂದೆ ನಿಂತ ರೀಲರ್ ಮೇಲೆ ಕಾಣುವ ಗೂಡಿಗೆ ಮರುಳಾಗುವುದಿಲ್ಲ. ಕೈಯನ್ನು ರಾಶಿಯ ತಳಕ್ಕೆ ಇಳಿಸುತ್ತಾನೆ. ಒಂದು ಹಿಡಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ಸದ್ದು ಕೇಳುತ್ತಾನೆ. ಬೆಲೆಯ ಮಾತು ಆಮೇಲೆ. ಆದರೆ ಅದೇ ಮನುಷ್ಯ ಹಳೆಯ ವಾಹನ ಕೊಳ್ಳಲು ಹೊರಟಾಗ ಈ ಜಾಣ್ಮೆ ಎಲ್ಲಿಗೋ ಹೋಗಿಬಿಡುತ್ತದೆ. ಬಣ್ಣ ನೋಡುತ್ತಾನೆ, ಸೀಟಿನ ಕವರ್ ನೋಡುತ್ತಾನೆ, ಅಡ್ವಾನ್ಸ್ ಕೊಟ್ಟು ಬಂದುಬಿಡುತ್ತಾನೆ.

ನನ್ನ ಚಿಕ್ಕಮ್ಮನ ಮಗಳೂ ಹಾಗೆ ಕೊಟ್ಟುಬರುವವಳೇ ಇದ್ದಳು.

ಅವಳ ಮನೆ ಚನ್ನಪಟ್ಟಣದಲ್ಲಿ. ಗಂಡನಿಗೆ ಗೊಂಬೆಯ ಕೆಲಸ. ಆಲೆ ಮರವನ್ನು ಲೇತ್‌ಗೆ ಕೊಟ್ಟು, ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತುವ ಅದೇ ಹಳೆಯ ಕಸುಬು. ಆದರೆ ಊರಿನ ಅಂಗಡಿಗಳಿಗೆ ಕೊಟ್ಟರೆ ಸಿಗುವ ಲಾಭ ಅಷ್ಟಕ್ಕಷ್ಟೆ. ಕೈಗೆ ನಾಲ್ಕು ಕಾಸು ಬರುವುದು ವಸ್ತುಪ್ರದರ್ಶನಗಳಲ್ಲಿ. ಮೈಸೂರಿನ ದಸರಾ ಪ್ರದರ್ಶನ, ಬೆಂಗಳೂರಿನ ಮೇಳಗಳು, ಜನವರಿ ಒಂದಕ್ಕೆ ಆರಂಭವಾಗುವ ಹೈದರಾಬಾದಿನ ನುಮಾಯಿಷ್. ವರ್ಷದಲ್ಲಿ ಮೂರು ನಾಲ್ಕು ತಿಂಗಳು ಊರಿಂದ ಹೊರಗೇ. ಲಾಡ್ಜಿನ ಬಾಡಿಗೆ, ಹೋಟೆಲಿನ ಊಟ, ಮಗುವಿಗೆ ನೆಗಡಿ ಜ್ವರ. ಹೆಂಗಸರ ಕಷ್ಟವನ್ನಂತೂ ಹೇಳಬೇಕಾಗಿಲ್ಲ. ಮಳಿಗೆಯಲ್ಲಿ ದಿನವಿಡೀ ನಿಂತು, ಶೌಚಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದೆ ಇರುವವರು ಎಷ್ಟು ಮಂದಿ ಎಂಬುದು ಹೆಂಗಸರಿಗೆ ಮಾತ್ರ ಗೊತ್ತು.

ಹೀಗಿರುವಾಗ ಕನಕಪುರದಲ್ಲಿ ಒಂದು ‘ಮನೆಗಾಡಿ’ ಮಾರಾಟಕ್ಕಿದೆ ಎಂಬ ಸುದ್ದಿ ಬಂತು. ಹಳೆಯ ಟೆಂಪೋ ಟ್ರಾವೆಲರ್. ಒಳಗೆ ಮಂಚ, ಗ್ಯಾಸ್ ಒಲೆ, ಕೈತೊಳೆಯುವ ತೊಟ್ಟಿ, ಪರದೆ ಎಳೆದ ಪುಟ್ಟ ಶೌಚಾಲಯ. ಬೆಲೆ ಆರೂವರೆ ಲಕ್ಷ. ಬಡ್ಡಿಯ ಸಾಲ ಬೇಡವೆಂದು ಇಬ್ಬರೂ ಮೊದಲೇ ನಿರ್ಧರಿಸಿದ್ದರು. ಕೂಡಿಟ್ಟದ್ದು ನಾಲ್ಕು ಲಕ್ಷ, ಉಳಿದದ್ದಕ್ಕೆ ಅವಳ ಬಳೆ ಮತ್ತು ಸರ. “ಆಪಾ, ಭಾನುವಾರ ನೀವೂ ಬನ್ನಿ, ನೋಡಿ ಮುಗಿಸಿಬಿಡೋಣ” ಎಂದಳು. ಆ ‘ಮುಗಿಸಿಬಿಡೋಣ’ ನನಗೆ ಹಿಡಿಸಲಿಲ್ಲ. ರಾಮನಗರದ ಹಳೆಯ ಮೆಕ್ಯಾನಿಕ್ ಒಬ್ಬರಿದ್ದಾರೆ, ನಮಗೆಲ್ಲ ಚಾಚಾ. ಅವರನ್ನೂ ಕರೆದುಕೊಂಡೆವು.

ಮನೆಗಾಡಿಯೆಂದರೆ ನಮ್ಮವರಿಗೆ ಸಿನಿಮಾದವರ ಕ್ಯಾರವಾನ್ ನೆನಪಾಗುತ್ತದೆ. 1975ರಲ್ಲಿ ತೆರೆಕಂಡ ‘ಶೋಲೆ’ಗೆ ಬೆಟ್ಟ ಕೊಟ್ಟ ಊರಿನವರಲ್ಲವೇ! ಆದರೆ ಈಗ ಅದು ನಟರಿಗೆ ಮಾತ್ರ ಮೀಸಲಲ್ಲ. ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆಂದೇ ನೀತಿ ಪ್ರಕಟಿಸಿತು. ಹೊಸ ಗಾಡಿಯ ಬೆಲೆ ಸಾಮಾನ್ಯ ಕುಟುಂಬದ ಕೈಗೆ ಎಟುಕುವುದಿಲ್ಲ. ಹಾಗಾಗಿ ಹಳೆಯ ಟಿಟಿಯ ಸೀಟು ಕಿತ್ತು ಮನೆ ಮಾಡಿದ ಗಾಡಿಗಳು ಕೈಯಿಂದ ಕೈಗೆ ದಾಟುತ್ತಿವೆ. ಈ ಟ್ರಾವೆಲರ್ 1987ರಲ್ಲಿ ಬಂದ ಗಾಡಿ. ಆಗ ಕಂಪೆನಿಯ ಹೆಸರು ಬಜಾಜ್ ಟೆಂಪೋ, 2005ರಿಂದ ಫೋರ್ಸ್ ಮೋಟಾರ್ಸ್. ಗಟ್ಟಿ ಗಾಡಿ, ಬಿಡಿಭಾಗ ಎಲ್ಲ ಊರಲ್ಲೂ ಸಿಗುತ್ತದೆ. ತೊಂದರೆ ಇರುವುದು ಅದರೊಳಗೆ ಯಾರೋ ಕಟ್ಟಿದ ಮನೆಯಲ್ಲಿ.

ಮೊದಲು ಕಾಗದ, ಆಮೇಲೆ ಮಂಚ

ಕನಕಪುರದಲ್ಲಿ ಗಾಡಿ ನೋಡಿದೊಡನೆ ತಂಗಿಯ ಮುಖ ಅರಳಿತು. ನನಗೂ ಆಸೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಚಾಚಾ ಮಾತ್ರ ಬಾಗಿಲು ತೆರೆಯಲೂ ಇಲ್ಲ. “ಆರ್‌ಸಿ ಕೊಡಿ” ಎಂದರು.

ಆರ್‌ಸಿಯಲ್ಲಿ ನೀವು ಮೊದಲು ನೋಡಬೇಕಾದದ್ದು ವಾಹನದ ವರ್ಗ. ಅಲ್ಲಿ ‘ಮೋಟಾರ್ ಕ್ಯಾರವಾನ್’ ಅಥವಾ ‘ಕ್ಯಾಂಪರ್ ವ್ಯಾನ್, ಖಾಸಗಿ ಬಳಕೆ’ ಎಂದಿದ್ದರೆ ಅದು ಕಾಗದದಲ್ಲೂ ಮನೆಗಾಡಿ. ಇಂತಹ ಗಾಡಿ ಹೇಗಿರಬೇಕೆಂಬುದಕ್ಕೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ನಾವು ನೋಡಿದ ಆರ್‌ಸಿಯಲ್ಲಿ ಇದ್ದದ್ದು ‘ಓಮ್ನಿ ಬಸ್’, ಚಾಲಕನನ್ನೂ ಸೇರಿಸಿ ಹದಿಮೂರು ಸೀಟು. ಒಳಗೆ ಇದ್ದದ್ದು ನಾಲ್ಕೇ.

ಇದು ಸಣ್ಣ ವಿಷಯವಲ್ಲ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು. ಹಾಗಾದರೆ ಅಪಘಾತವಾದ ದಿನ ಏನಾದೀತು? ವಿಮಾ ಕಂಪೆನಿಯವರು ಗಾಡಿ ನೋಡಲು ಬರುತ್ತಾರೆ. ಪಾಲಿಸಿಯಲ್ಲಿರುವುದು ಹದಿಮೂರು ಸೀಟಿನ ಬಸ್ಸು, ರಸ್ತೆ ಬದಿಯಲ್ಲಿ ನಿಂತಿರುವುದು ಒಲೆ ಮಂಚಗಳ ಮನೆ. ಪರಿಹಾರ ನಿರಾಕರಿಸಲು ಅವರಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ನನ್ನ ತಂಗಿಯ ಗಂಡ ಇದರಲ್ಲೇ ಗೊಂಬೆಯ ಪೆಟ್ಟಿಗೆಗಳನ್ನೂ ಒಯ್ಯುವ ಯೋಚನೆಯಲ್ಲಿದ್ದ. ಖಾಸಗಿ ಬಳಕೆಯ ಗಾಡಿಯಲ್ಲಿ ವ್ಯಾಪಾರದ ಸರಕು ಹೊತ್ತರೆ ಅದೂ ಒಂದು ತಕರಾರು. ನಿಮ್ಮ ಉದ್ದೇಶವನ್ನು ವಿಮಾ ಕಂಪೆನಿಗೆ ಮೊದಲೇ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಎರಡನೆಯದು ಹೆಸರು. ಮಾರುತ್ತಿದ್ದವರ ಹೆಸರು ಆರ್‌ಸಿಯಲ್ಲಿ ಇರಲೇ ಇಲ್ಲ. “ಹಳೆಯ ಓನರ್ ಸೈನ್ ಮಾಡಿರೋ ಫಾರಂ ಇದೆ ಯಜಮಾನ್ರೇ, ನಿಮ್ಮ ಹೆಸರು ತುಂಬಿದರಾಯ್ತು” ಎಂದು ಖಾಲಿ ಫಾರಂ 29 ಮತ್ತು 30ನ್ನು ತೋರಿಸಿದರು. ಓದುಗರೇ, ಇದು ಎಲ್ಲ ಕಡೆ ನಡೆಯುವ ವ್ಯವಹಾರ, ಆದರೆ ಅಪಾಯದ ವ್ಯವಹಾರ. ಮಾರಿದವರು ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಓಗೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ಹೆಸರು ಬದಲಾಗದಿದ್ದರೆ ಗಾಡಿ ಎಷ್ಟು ಕೈ ದಾಟಿದ್ದರೂ, ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನ ಮೇಲೆಯೇ ಬೀಳುತ್ತದೆ ಎಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನೀವು ಹಳೆಯ ಸ್ಕೂಟರನ್ನು ಯಾರಿಗೋ ಮಾರಿ ಮರೆತಿದ್ದರೆ, ಈ ಪುಟ ಮಡಚಿಟ್ಟು ಮೊದಲು ಅದರ ಹೆಸರು ಬದಲಾಗಿದೆಯೇ ನೋಡಿ.

ಮೂರನೆಯದಾಗಿ, ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಇತ್ತು. ಸಾಲ ತೀರಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಇರಬೇಕು. “ತೀರಿದೆ” ಎಂಬ ಬಾಯಿಮಾತು ಸಾಲದು. ಬೇರೆ ಜಿಲ್ಲೆಯ ಅಥವಾ ಬೇರೆ ರಾಜ್ಯದ ಗಾಡಿಯನ್ನು ನಮ್ಮ ಕೆಎ-42ಕ್ಕೆ ತರುವುದಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರವೂ ಬೇಕಾದೀತು. ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿದರೆ ವಿಮೆ, ಫಿಟ್‌ನೆಸ್, ಬಾಕಿ ದಂಡ ಎಲ್ಲ ಮೊಬೈಲಿನಲ್ಲೇ ಕಾಣುತ್ತದೆ. ಹತ್ತು ನಿಮಿಷದ ಕೆಲಸ. ಚಾಸಿ ನಂಬರನ್ನು ಮಾತ್ರ ಗಾಡಿಯ ಮೇಲೆಯೇ ಒರೆಸಿ ಓದಿ.

ಡ್ರೈವಿಂಗ್ ಲೈಸೆನ್ಸಿನ ಬಗ್ಗೆ ಗಾಬರಿ ಬೇಡ. 7,500 ಕಿಲೋ ಒಳಗಿನ ಗಾಡಿಗೆ ಲಘು ವಾಹನದ ಲೈಸೆನ್ಸ್ ಸಾಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಟಿಟಿ ಅದರೊಳಗೇ ಬರುತ್ತದೆ.

ಬಿಸಿ ಇಂಜಿನ್, ಮೆತ್ತಗಿನ ನೆಲ

ಚಾಚಾ ಬಾನೆಟ್ ಮೇಲೆ ಅಂಗೈ ಇಟ್ಟು ನಕ್ಕರು. ಬಿಸಿಯಾಗಿತ್ತು. ನಾವು ಬರುವ ಮೊದಲೇ ಇಂಜಿನ್ ಓಡಿಸಿ ಇಟ್ಟಿದ್ದರು. ಹಳೆಯ ಡೀಸೆಲ್ ಇಂಜಿನ್ನಿನ ನಿಜವಾದ ಸ್ಥಿತಿ ತಿಳಿಯುವುದು ತಣ್ಣಗಿದ್ದಾಗ ಚಾಲೂ ಮಾಡಿದರೆ. ಆದುದರಿಂದ ನಾವು ಪೇಟೆಗೆ ಹೋಗಿ, ಊಟ ಮಾಡಿ, ಝುಹರ್ ಮುಗಿಸಿ ಮೂರು ಗಂಟೆಗೆ ಮರಳಿದೆವು. ಈ ಸಲ ಸೆಲ್ಫ್ ಮೂರು ಬಾರಿ ಎಳೆಯಿತು, ಆಮೇಲೆ ನೀಲಿ ಹೊಗೆ. ನೀಲಿಯೆಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಕಪ್ಪು ಹೊಗೆಯಾದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಏರ್ ಫಿಲ್ಟರಿನಂತಹ ಸಣ್ಣ ಕಾರಣವೂ ಇರಬಹುದು. ನೀಲಿಗೆ ಖರ್ಚು ದೊಡ್ಡದು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. 2217 ಎಂದಿದ್ದರೆ 2017ನೇ ಇಸವಿಯ 22ನೇ ವಾರದ ಟೈರ್. ಮನೆಗಾಡಿಗಳು ತಿಂಗಳುಗಟ್ಟಲೆ ನಿಂತಲ್ಲೇ ನಿಲ್ಲುವುದರಿಂದ ಟೈರಿನ ಹಲ್ಲು ಸವೆದಿರುವುದಿಲ್ಲ, ನೋಡಲು ಹೊಸದರಂತಿರುತ್ತದೆ. ಆದರೆ ಪಕ್ಕದಲ್ಲಿ ರಬ್ಬರ್ ಬಿರುಕು ಬಿಟ್ಟಿರುತ್ತದೆ. ಎಕ್ಸ್‌ಪ್ರೆಸ್ ಹೆದ್ದಾರಿಯ ಬಿಸಿಲಿನಲ್ಲಿ ಅಂತಹ ಟೈರ್ ಸಿಡಿದರೆ ಒಳಗೆ ಮಲಗಿದ ಮಗುವಿನ ಗತಿ ಏನು?

ಇನ್ನು ನೆಲ. ಮ್ಯಾಟ್ ಎತ್ತಿ ಮೂಲೆ ಮೂಲೆಯಲ್ಲಿ ಹೆಬ್ಬೆರಳಿನಿಂದ ಒತ್ತಿ. ನೀರಿನ ತೊಟ್ಟಿಯ ಕೆಳಗೆ, ಕಿಟಕಿಯ ಅಡಿಯಲ್ಲಿ ಪ್ಲೈವುಡ್ ಮೆತ್ತಗಾಗಿದ್ದರೆ ನೀರು ಸೋರಿದೆ. ಅದರ ಕೆಳಗೆ ಚಾಸಿಗೆ ತುಕ್ಕು ಹಿಡಿದಿರಲೂಬಹುದು. ಬಾಗಿಲು ಮುಚ್ಚಿ ಐದು ನಿಮಿಷ ಸುಮ್ಮನೆ ಕುಳಿತರೆ ಮೂಗೇ ಹೇಳುತ್ತದೆ. ನಮ್ಮ ತಂಗಿಗೆ ಗೊತ್ತಾದದ್ದು ಹಾಗೆಯೇ. “ಆಪಾ, ಒದ್ದೆ ಗೋಣಿ ವಾಸನೆ” ಎಂದಳು. ಚಾಚಾರ ಸ್ಕ್ರೂಡ್ರೈವರ್ ತೊಟ್ಟಿಯ ಕೆಳಗಿನ ಹಲಗೆಯೊಳಗೆ ಬೆಣ್ಣೆಗೆ ಚುಚ್ಚಿದಂತೆ ಇಳಿಯಿತು.

ತೂಕವನ್ನು ಯಾರೂ ನೋಡುವುದಿಲ್ಲ. ಕನಕಪುರದ ಸುತ್ತ ಗ್ರಾನೈಟ್ ಲಾರಿಗಳು ಓಡಾಡುವುದರಿಂದ ವೇ ಬ್ರಿಡ್ಜ್ ಹುಡುಕುವುದು ಕಷ್ಟವಲ್ಲ. ಟ್ಯಾಂಕಿಗೆ ನೀರು ತುಂಬಿಸಿ ತೂಗಿಸಿದೆವು. ನೂರು ಲೀಟರ್ ನೀರೆಂದರೆ ನೂರು ಕಿಲೋ, ನೆನಪಿರಲಿ. ಸ್ಲಿಪ್ಪಿನಲ್ಲಿ ಬಂದ ತೂಕಕ್ಕೂ ಆರ್‌ಸಿಯಲ್ಲಿ ಬರೆದಿರುವ ಗರಿಷ್ಠ ತೂಕಕ್ಕೂ ಇದ್ದ ಅಂತರ 240 ಕಿಲೋ ಮಾತ್ರ. ಅದರಲ್ಲೇ ಮನೆಮಂದಿ, ಪಾತ್ರೆ, ಬಟ್ಟೆ, ಗೊಂಬೆಯ ಪೆಟ್ಟಿಗೆಗಳು ಎಲ್ಲ ಹಿಡಿಸಬೇಕು! ರಾಮನಗರಕ್ಕೆ ತಂದು ಮಾಗಡಿ ರಸ್ತೆಯ ಏರಿನಲ್ಲಿ ಓಡಿಸಿದಾಗ ಗಾಡಿ ಏದುಸಿರು ಬಿಟ್ಟದ್ದು ಯಾಕೆಂದು ಆಗ ಅರ್ಥವಾಯಿತು.

ಜೀವಕ್ಕೇ ಎರವಾಗುವ ರಂಧ್ರ

ನಾನು ನಿಮ್ಮಲ್ಲಿ ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಸಿಕ್ಕಿದರು. ಗಾಡಿಗೆ ಯಾವ ಅಪಘಾತವೂ ಆಗಿರಲಿಲ್ಲ. ಏಸಿಗಾಗಿ ಜನರೇಟರ್ ಓಡುತ್ತಿತ್ತು. ಅದರ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ನೆಲದಲ್ಲಿದ್ದ ರಂಧ್ರದ ಮೂಲಕ ಒಳಗೆ ಬಂದಿತ್ತೆಂದು ಕೋಯಿಕ್ಕೋಡ್ ಎನ್‌ಐಟಿಯ ತಜ್ಞರು ಪರೀಕ್ಷಿಸಿ ತಿಳಿಸಿದರು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಚಾಚಾ ಗಾಡಿಯಡಿ ತೂರಿ ಟಾರ್ಚ್ ಬಿಟ್ಟರು. ಒಳಗಿದ್ದ ನನಗೆ ಶೌಚಾಲಯದ ಪಕ್ಕ, ವೈರು ಎಳೆಯಲು ಕೊರೆದ ತೂತಿನಲ್ಲಿ ಆ ಬೆಳಕು ಕಾಣಿಸಿತು. ಜನರೇಟರ್ ಇಡುವ ಪೆಟ್ಟಿಗೆ ಅದರ ನೇರ ಕೆಳಗೆ.

ಆದುದರಿಂದ ನೆಲದ ಒಂದೊಂದು ತೂತನ್ನೂ ಹೀಗೆಯೇ ಹುಡುಕಿ ಮುಚ್ಚಿಸಿ. ಇಂಜಿನ್ ಅಥವಾ ಜನರೇಟರ್ ಓಡುತ್ತಿರುವಾಗ ಒಳಗೆ ಮಲಗಲೇಬೇಡಿ. ಅಡುಗೆ ಮಾಡುವಾಗ ಕಿಟಕಿ ತೆರೆದಿರಲಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಸಿಲಿಂಡರಿನ ಗೂಡಿಗೆ ತಳದಲ್ಲಿ, ಹೊರಕ್ಕೆ ತೆರೆಯುವ ಕಿಂಡಿ ಬೇಕು. ಸಿಲಿಂಡರಿನ ಕುತ್ತಿಗೆಯ ಪಟ್ಟಿಯಲ್ಲಿ ‘ಸಿ-27’ ಎಂಬಂತಹ ಗುರುತು ಇರುತ್ತದೆ. ಅಂದರೆ 2027ರ ಜುಲೈನಿಂದ ಸೆಪ್ಟೆಂಬರ್ ಅವಧಿಗೆ ಅದರ ಮುಂದಿನ ತಪಾಸಣೆ. ಗಡುವು ಮೀರಿದ್ದನ್ನು ಒಳಗೆ ಇಡಬೇಡಿ.

ಗಾಡಿ ಮಾರುವವರು ಹಲಗೆ ಕೊಳೆತದ್ದನ್ನೂ ತೂತನ್ನೂ ನಮಗೆ ಮೊದಲೇ ಹೇಳಬಹುದಿತ್ತು. ಮದೀನಾದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿ, ತೇವವಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಕೇಳಿದ ಪ್ರಸಂಗ ನಮ್ಮ ಮಕ್ಕಳಿಗೂ ಗೊತ್ತು. ಮಾರುವ ಸರದಿ ನಮ್ಮದಾದಾಗ ಅದು ನೆನಪಾಗುತ್ತದೆಯೇ ಎಂಬುದು ಬೇರೆ ಮಾತು.

ಹಣದ ಬಗ್ಗೆ ಎರಡು ಮಾತು. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿಷೇಧವಿದೆ. ಬ್ಯಾಂಕಿನ ಮೂಲಕವೇ ಕೊಡಿ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಕೊಡಿ. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ.

ಚಾಚಾ ಮಾರುವವರಿಗೆ ಮೂರು ಷರತ್ತು ಹೇಳಿದರು. ಬ್ಯಾಂಕಿನ ಪತ್ರ ತರಬೇಕು, ದಾಖಲೆಯಲ್ಲಿರುವ ಮಾಲೀಕ ಖುದ್ದಾಗಿ ಬರಬೇಕು, ಗಾಡಿಯ ವರ್ಗ ಆರ್‌ಸಿಯಲ್ಲಿ ಸರಿಯಾಗಬೇಕು. ಅವರಿಗೆ ಸಿಟ್ಟು ಬಂತು. ಎರಡು ವಾರದ ಬಳಿಕ ಅದೇ ಗಾಡಿಯನ್ನು ಬೇರೆ ಯಾರೋ ಕೊಂಡುಕೊಂಡರೆಂದು ಕೇಳಿದೆವು. ಆ ತೂತಿನ ವಿಷಯವನ್ನು ಅವರಿಗೆ ತಿಳಿಸಲು ಹೆಸರು ವಿಳಾಸ ವಿಚಾರಿಸಿದೆ, ಸಿಗಲಿಲ್ಲ. ಈಗಲೂ ಅದೊಂದು ಮನಸ್ಸಿನಲ್ಲಿ ಕುಟುಕುತ್ತದೆ.

ಬಳೆ ಮತ್ತು ಸರ ತಂಗಿಯ ಬಳಿಯೇ ಇವೆ. ಹೈದರಾಬಾದಿಗೆ ಅವರು ರೈಲಿನಲ್ಲೇ ಹೋದರು, ಪೆಟ್ಟಿಗೆಗಳು ಲಾರಿ ಪಾರ್ಸೆಲಿನಲ್ಲಿ ಹೋದವು. ಮೊನ್ನೆ ಅವಳ ಫೋನ್ ಬಂತು. ಮಾಗಡಿಯಲ್ಲಿ ಒಂದು ಟಿಟಿ ಇದೆಯಂತೆ. ಮಂಚವಿಲ್ಲ, ಒಲೆಯಿಲ್ಲ, ಆರ್‌ಸಿಯಲ್ಲಿ ಇರುವಷ್ಟೇ ಸೀಟು. ಬೆಲೆ ಮೂರೂವರೆ ಲಕ್ಷ ಹೇಳುತ್ತಿದ್ದಾರೆ. “ನಂಬರ್ ಹಾಕಿ ನೋಡಿದೆ ಆಪಾ, ಬ್ಯಾಂಕಿನ ಹೆಸರಿಲ್ಲ. ಬೆಳಿಗ್ಗೆ ನಾವು ಬರೋವರೆಗೂ ಇಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಟ್ಟಿದ್ದೀನಿ” ಎಂದಳು. ಬರುವ ಭಾನುವಾರ ಹೋಗುತ್ತಿದ್ದೇವೆ.