ಇನ್‌ಫ್ಲುಯೆಂಜಾ ವೈರಸ್ಸಿಗೆ ಜೀವಕೋಶದ ಪ್ರತ್ಯುತ್ತರ

ಇನ್‌ಫ್ಲುಯೆಂಜಾದಿಂದ ಹಾಸಿಗೆ ಹಿಡಿದವನ ಜ್ವರ, ನಡುಕ, ಮೈಕೈ ನೋವುಗಳೆಲ್ಲವೂ ವೈರಸ್ಸಿನ ಕೃತ್ಯವೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ವೈರಸ್ಸು ಬೆಳೆಯುವುದು ಮುಖ್ಯವಾಗಿ ಮೂಗು, ಗಂಟಲು ಮತ್ತು ಶ್ವಾಸನಾಳಗಳ ಒಳಪದರದಲ್ಲಿ; ನೋಯುವುದಾದರೋ ಬೆನ್ನು ಮತ್ತು ತೊಡೆ. ಈ ವಿಪರೀತಕ್ಕೆ ವಿವರಣೆಯನ್ನು ಜೀವಕೋಶದೊಳಗೆ ಹುಡುಕಬೇಕಾಗುತ್ತದೆ.

ಎ ಜಾತಿಯ ಇನ್‌ಫ್ಲುಯೆಂಜಾ ವೈರಸ್ಸಿನಲ್ಲಿ ಆರ್‌ಎನ್‌ಎಯ 8 ತುಂಡುಗಳಿದ್ದು, ಅವುಗಳ ಸುತ್ತ ಒಂದು ಪೊರೆಯಿದೆ. ಪೊರೆಯ ಮೇಲಿನ ಹೀಮಾಗ್ಲುಟಿನಿನ್ ಎಂಬ ಪ್ರೋಟೀನು ಕೋಶದ ಹೊರಮೈಯ ಸಿಯಾಲಿಕ್ ಆಮ್ಲವನ್ನು ಹಿಡಿಯುತ್ತದೆ. ಕೋಶವು ವೈರಸ್ಸನ್ನು ಸಣ್ಣದೊಂದು ಚೀಲದಲ್ಲಿ ಒಳಕ್ಕೆಳೆದುಕೊಳ್ಳುತ್ತದೆ. ಚೀಲದ ಆಮ್ಲತೆ ಹೆಚ್ಚಿದಾಗ ಎರಡು ಪೊರೆಗಳೂ ಬೆರೆತು, ಆರ್‌ಎನ್‌ಎ ಹೊರಬಿದ್ದು ಕೋಶಕೇಂದ್ರವನ್ನು ಸೇರುತ್ತದೆ. ಅಲ್ಲಿ ವೈರಸ್ಸು ಕೋಶದ ಸಂದೇಶ ಆರ್‌ಎನ್‌ಎಗಳ ತುದಿಯನ್ನು ಕತ್ತರಿಸಿ ತನ್ನ ಸಂದೇಶಗಳಿಗೆ ಜೋಡಿಸಿಕೊಳ್ಳುತ್ತದೆ. ಕದ್ದ ಮುದ್ರೆಯನ್ನೊತ್ತಿದ ಈ ಆಜ್ಞಾಪತ್ರಗಳನ್ನು ಕೋಶವು ತನ್ನವೇ ಎಂದು ನಂಬಿ ಅವುಗಳಂತೆ ನಡೆಯುತ್ತದೆ.

ಆದರೆ ಮೋಸವು ಪೂರ್ಣವಾಗುವುದಿಲ್ಲ. ವೈರಸ್ಸಿನ ಮೂಲ ಆರ್‌ಎನ್‌ಎ ತುಂಡುಗಳ ಒಂದು ತುದಿಯಲ್ಲಿ ಮೂರು ಫಾಸ್ಫೇಟುಗಳು ಬರಿದಾಗಿ ಉಳಿದಿರುತ್ತವೆ. ಕೋಶದ್ರವದಲ್ಲಿ ರಿಗ್-ಐ ಎಂಬ ಪ್ರೋಟೀನು ಈ ಗುರುತನ್ನು ಪತ್ತೆಹಚ್ಚುತ್ತದೆ. ಸುದ್ದಿಯು ಮೈಟೊಕಾಂಡ್ರಿಯದ ಮೇಲಿನ ಇನ್ನೊಂದು ಪ್ರೋಟೀನಿನ ಮೂಲಕ ಕೋಶಕೇಂದ್ರವನ್ನು ಮುಟ್ಟಿ, ಇಂಟರ್ಫೆರಾನ್ ಎಂಬ ವಸ್ತುವಿನ ತಯಾರಿಕೆ ಮೊದಲಾಗುತ್ತದೆ.

ಇಂಟರ್ಫೆರಾನಿನ ಶೋಧದ ಕಥೆಯನ್ನು ವಿದ್ಯಾರ್ಥಿಗಳು ಅವಶ್ಯವಾಗಿ ಅರಿತಿರಬೇಕು, ಏಕೆಂದರೆ ಅಷ್ಟು ಸರಳವಾದ ಪ್ರಯೋಗದಿಂದ ಅಷ್ಟು ದೊಡ್ಡ ಫಲ ದೊರೆತುದು ಅಪೂರ್ವ. ಒಂದು ವೈರಸ್ಸು ತಗುಲಿದ ಕೋಶಗಳು ಬೇರೊಂದನ್ನು ತಡೆಯುವುವೆಂಬುದು ಮೊದಲೇ ತಿಳಿದಿತ್ತು, ಕಾರಣ ತಿಳಿದಿರಲಿಲ್ಲ. 1957ರಲ್ಲಿ, ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನ ಸಂಸ್ಥೆಯಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮಾನ್ ಎಂಬುವರು ಕೋಳಿಮೊಟ್ಟೆಯ ಭ್ರೂಣದ ಪೊರೆಯ ಚೂರುಗಳನ್ನು ಕಾಯಿಸಿ ನಿಷ್ಕ್ರಿಯಗೊಳಿಸಿದ ಇನ್‌ಫ್ಲುಯೆಂಜಾ ವೈರಸ್ಸಿನೊಡನೆ ದ್ರವದಲ್ಲಿಟ್ಟರು. ಬಳಿಕ ಆ ದ್ರವದಲ್ಲಿ ಹೊಸ ಚೂರುಗಳನ್ನಿಟ್ಟು ಸಜೀವ ವೈರಸ್ಸನ್ನು ಹಾಕಿ ನೋಡಲು, ಅದು ಸರಿಯಾಗಿ ಬೆಳೆಯಲಿಲ್ಲ. ಕೋಶಗಳೇ ಏನನ್ನೋ ಹೊರಸೂಸಿದ್ದುವು! ಅಡ್ಡಿಪಡಿಸುವುದೆಂಬ ಅರ್ಥದ ಇಂಗ್ಲಿಷ್ ಮಾತಿನಿಂದ ಆ ವಸ್ತುವಿಗೆ ಹೆಸರಿಟ್ಟರು. ಜಪಾನಿನ ನಗಾನೋ ಮತ್ತು ಕೊಜಿಮಾ ಇಂಥದೇ ಪ್ರತಿಬಂಧಕ ವಸ್ತುವನ್ನು 1954ರಲ್ಲಿಯೇ ವರ್ಣಿಸಿದ್ದರೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳದೆ ಬಿಡುವುದು ನ್ಯಾಯವಲ್ಲ. ಏಷ್ಯನ್ ಫ್ಲೂ ಭಾರತವನ್ನೂ ವ್ಯಾಪಿಸಿದ್ದುದು ಆ 1957ರಲ್ಲಿಯೇ.

ಇಂಟರ್ಫೆರಾನ್ ತಾನಾಗಿ ವೈರಸ್ಸನ್ನು ಕೊಲ್ಲುವುದಿಲ್ಲ. ಅದು ನೆರೆಯ ಕೋಶಗಳಿಗೆ ಎಚ್ಚರಿಕೆ ಕೊಡುತ್ತದೆ. ಅವು ನೂರಾರು ಜೀನುಗಳನ್ನು ಚುರುಕುಗೊಳಿಸಿ ಸಿದ್ಧವಾಗುತ್ತವೆ. ಈ ಸಿದ್ಧತೆಯ ಒಂದು ಅಂಗವಾದ ಐಎಫ್‌ಐಟಿಎಂ-3 ಎಂಬ ಪ್ರೋಟೀನು ಮೇಲೆ ಹೇಳಿದ ಪೊರೆಗಳ ಬೆರೆತವನ್ನೇ ತಡೆಯುತ್ತದೆ. ಮತ್ತೊಂದರ ಸುಳಿವು ಲಿಂಡೆನ್‌ಮಾನರಿಗೇ ದೊರೆಯಿತು. ಒಂದು ತಳಿಯ ಇಲಿಗಳು ಇನ್‌ಫ್ಲುಯೆಂಜಾವನ್ನು ಅಸಾಧಾರಣವಾಗಿ ತಾಳಿಕೊಳ್ಳುವುದನ್ನು ಅವರು 1962ರಲ್ಲಿ ವರದಿ ಮಾಡಿದರು. ಅದಕ್ಕೆ ಕಾರಣವಾದ ಎಂಎಕ್ಸ್ ಜೀನು ಪ್ರಯೋಗಶಾಲೆಯ ಬಹುಪಾಲು ಇಲಿಗಳಲ್ಲಿ ಕೆಟ್ಟುಹೋಗಿದೆ. ಮಾನವನಲ್ಲಿ ಅದಕ್ಕೆ ಸಂವಾದಿಯಾದುದು ಕೆಲಸಮಾಡುತ್ತಿದೆ. ಇಲಿಯಲ್ಲಿ ಕಂಡುದನ್ನು ಮನುಷ್ಯನಿಗೆ ಆರೋಪಿಸುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ವೈರಸ್ಸೂ ಸುಮ್ಮನಿರುವುದಿಲ್ಲ. ಅದರ ಎನ್‌ಎಸ್-1 ಎಂಬ ಪ್ರೋಟೀನು ರಿಗ್-ಐ ಎಚ್ಚರಗೊಳ್ಳದಂತೆ ಮಾಡುತ್ತದೆ. ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸುವ ಇತ್ತೀಚಿನ ವಿಧಾನಗಳಿಂದ, ಸೋಂಕು ತಗುಲಿದ ಕೋಶಗಳಲ್ಲಿ ಇಂಟರ್ಫೆರಾನ್ ತಯಾರಿಸುವುವು ಅತ್ಯಲ್ಪವೆಂದು ತಿಳಿದುಬಂದಿದೆ. ಆ ಕೆಲವೇ ಕೋಶಗಳ ಕೂಗು ಸುತ್ತಣ ಪದರವನ್ನೆಲ್ಲ ಎಬ್ಬಿಸುತ್ತದೆ.

ಈಗ ಬೆನ್ನುನೋವಿಗೆ ಬರೋಣ. ಇಂಟರ್ಫೆರಾನ್ ಮತ್ತು ಅದರೊಡನೆ ಹೊಮ್ಮುವ ಇತರ ಸಂದೇಶವಾಹಕ ಪ್ರೋಟೀನುಗಳು ರಕ್ತದಲ್ಲಿ ಹರಿದು ದೇಹವನ್ನೆಲ್ಲ ಮುಟ್ಟುತ್ತವೆ. ಹೆಪಟೈಟಿಸ್-ಸಿ ರೋಗಕ್ಕೆ ಇಂಟರ್ಫೆರಾನೇ ಮುಖ್ಯ ಔಷಧವಾಗಿದ್ದ ವರ್ಷಗಳಲ್ಲಿ, ಅದನ್ನು ಚುಚ್ಚಿಸಿಕೊಂಡವರಿಗೆ ಜ್ವರ, ನಡುಕ, ಮೈಕೈ ನೋವು ಬರುತ್ತಿದ್ದುವು. ಅವರಿಗೆ ಫ್ಲೂ ತಗುಲಿರಲಿಲ್ಲ. ಫ್ಲೂವಿಗೆ ದೇಹವು ಕೊಡುವ ಉತ್ತರ ಮಾತ್ರ ಅವರ ರಕ್ತದಲ್ಲಿತ್ತು.

ಈ ಉತ್ತರ ಬೇಗನೆ ಬಂದು ಬೇಗನೆ ಅಡಗಿದರೆ ರೋಗಿ ಕೆಲವು ದಿನಗಳಲ್ಲಿ ಏಳುತ್ತಾನೆ. 1918ರ ಮಹಾಮಾರಿಯ ವೈರಸ್ಸನ್ನು ವಿಜ್ಞಾನಿಗಳು 2005ರಲ್ಲಿ ಪುನಃ ರಚಿಸಿದರು. ಅದನ್ನು ಮಕಾಕ್ ಕೋತಿಗಳಿಗೆ ಸೋಂಕಿಸಿದ ಪ್ರಯೋಗದ ಫಲ 2007ರಲ್ಲಿ ಪ್ರಕಟವಾಯಿತು. ಆ ಕೋತಿಗಳಲ್ಲಿ ವೈರಸ್ಸನ್ನು ತಡೆಯುವ ಉತ್ತರವು ಕ್ರಮ ತಪ್ಪಿತ್ತು, ಶ್ವಾಸಕೋಶದ ಉರಿಯೂತ ಆರಲೇ ಇಲ್ಲ.