ಆರು ವಾರದ ತಂತಿ

ತಂತಿ ಕೀಳುವ ದಿನ ಮರಗಟ್ಟಿಸುವ ಇಂಜೆಕ್ಷನ್ ಕೊಡಲಿಲ್ಲ. ಬೆರಳ ತುದಿಯಿಂದ ಹೊರಗೆ ಇಣುಕಿ ಕೊಕ್ಕೆಯ ಹಾಗೆ ಬಾಗಿದ್ದ ಉಕ್ಕಿನ ತುದಿಯನ್ನು ಡಾಕ್ಟರು ಇಕ್ಕಳದಲ್ಲಿ ಹಿಡಿದು, ‘ಉಸಿರು ಎಳ್ಕೊಳ್ಳಿ ಮೇಡಂ’ ಅಂದರು. ನಾನು ಎಳೆದುಕೊಳ್ಳುವಷ್ಟರಲ್ಲಿ ಅವರೂ ಎಳೆದಾಗಿತ್ತು. ನೋವು ಅನ್ನುವಂಥದ್ದೇನೂ ಆಗಲಿಲ್ಲ. ಐಸ್‌ಕ್ಯಾಂಡಿಯಿಂದ ಕಡ್ಡಿ ಜಾರಿಕೊಂಡ ಹಾಗೆ ಮೂಳೆಯೊಳಗಿಂದ ಏನೋ ಜಾರಿತು, ಟ್ರೇ ಮೇಲೆ ಟಿಣ್ ಎಂದಿತು. ಆರು ವಾರ ನನ್ನ ಬಲಗಾಲಿನ ಎರಡನೇ ಬೆರಳಿನೊಳಗೆ ಸಂಸಾರ ಮಾಡಿದ್ದ ಆ ತಂತಿ ಸ್ವೆಟರ್ ಕಡ್ಡಿಗಿಂತಲೂ ತೆಳ್ಳಗಿತ್ತು.

‘ಇದನ್ನ ಮೊದಲು ಯಾರಿಗೆ ಹೊಳೀತು ಡಾಕ್ಟ್ರೇ, ಮನುಷ್ಯರ ಬೆರಳಿಗೆ ತಂತಿ ಚುಚ್ಚೋದು?’ ಎಂದು ಕೇಳಿದೆ. ‘ಜರ್ಮನಿಯವರಿಗೆ’ ಎಂದವರೇ ಮುಂದಿನ ಪೇಷೆಂಟನ್ನು ಕರೆದರು. ಉತ್ತರ ಅರ್ಧ ಸರಿ. ಉಳಿದರ್ಧವನ್ನು ನಾನೇ ಹುಡುಕಿಕೊಂಡೆ. ಕಾಲನ್ನು ದಿಂಬಿನ ಮೇಲಿಟ್ಟು ಕೂತವಳಿಗೆ ಬೇರೇನು ಕೆಲಸ?

ನನ್ನ ಬೆರಳಿನ ಕತೆ ಆಪರೇಷನ್ನಿಗಿಂತ ಹಳೆಯದು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಅವರ ಜೊತೆಗಿದ್ದ ಹಿರಿಯರೊಬ್ಬರು ಮುಖಕ್ಕಿಂತ ಮೊದಲು ಕಾಲು ನೋಡಿದರಂತೆ. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದವಿದ್ದರೆ ಅಂಥ ಹೆಣ್ಣು ಗಂಡನನ್ನು ಆಳುತ್ತಾಳೆ ಎನ್ನುವ ಮಾತು ನಮ್ಮ ಕಡೆ ಈಗಲೂ ಇದೆ. ಆಳಿದೆನೋ ಇಲ್ಲವೋ ಮನೆಯವರೇ ಹೇಳಬೇಕು. ಆದರೆ ಆ ಬೆರಳು ಮುಂದೆ ತೊಂದರೆ ಕೊಡುತ್ತದೆ ಎಂಬುದನ್ನು ಮಾತ್ರ ಕಾಲು ನೋಡಿದವರು ಯಾರೂ ಹೇಳಲಿಲ್ಲ. ಉದ್ದವಾದ ಎರಡನೇ ಬೆರಳು ಶೂ ಒಳಗೆ ಮೊದಲು ಗೋಡೆ ಮುಟ್ಟುತ್ತದೆ. ಮುಂದೆ ಹೋಗಲು ಜಾಗವಿಲ್ಲದೆ ನಡುಗೀಲಿನಲ್ಲಿ ಮಡಚಿಕೊಳ್ಳುತ್ತದೆ. ವರ್ಷಾನುಗಟ್ಟಲೆ ಹಾಗೇ ಮಡಚಿಕೊಂಡಿದ್ದರೆ ಕೀಲು ಅಲ್ಲೇ ಬಿಗಿದುಹೋಗಿ, ಬೆರಳು ಪಿಯಾನೊದೊಳಗಿನ ಪುಟ್ಟ ಸುತ್ತಿಗೆಯ ಹಾಗೆ ಕಾಣುತ್ತದೆ. ಅದಕ್ಕೇ ಹ್ಯಾಮರ್ ಟೋ ಎಂದು ಹೆಸರು. ಕನ್ನಡದಲ್ಲಿ ನಾವು ಇದಕ್ಕೆ ಹೆಸರಿಟ್ಟಿಲ್ಲ. ಅದರ ನೆತ್ತಿಯ ಮೇಲೆ ಬೆಳೆಯುವ ಗಂಟಿಗೆ ಮಾತ್ರ ಇಟ್ಟಿದ್ದೇವೆ, ಕಾಲಾಣಿ. ಇಪ್ಪತ್ತು ವರ್ಷ ನಾನು ಕಾಲಾಣಿಗೇ ಪಟ್ಟಿ ಅಂಟಿಸಿದೆ, ಒಮ್ಮೊಮ್ಮೆ ಬ್ಲೇಡಿನಲ್ಲಿ ಕೆರೆದೆ (ಮಾಡಬಾರದ ಕೆಲಸ). ಕೆಳಗೆ ಬಾಗಿದ ಮೂಳೆ ಹಾಗೇ ಇತ್ತು.

ಎಲ್ಲ ತಪ್ಪನ್ನೂ ಶೂ ಮೇಲೆ ಹೊರಿಸುವುದೂ ಸರಿಯಲ್ಲ. ಬೆರಳಿನೊಳಗೆ ಸದಾ ಒಂದು ಹಗ್ಗಜಗ್ಗಾಟ ನಡೆದಿರುತ್ತದೆ. ಮೊಣಕಾಲಿನ ಕೆಳಗಿನ ದೊಡ್ಡ ಸ್ನಾಯುಗಳ ಉದ್ದ ಸ್ನಾಯುರಜ್ಜುಗಳು ಒಂದು ಕಡೆ, ಪಾದದೊಳಗಿನ ಸಣ್ಣ ಸ್ನಾಯುಗಳು ಇನ್ನೊಂದು ಕಡೆ. ಸಣ್ಣವು ಸೋತ ದಿನ ಬೆರಳು ಬಾಗತೊಡಗುತ್ತದೆ. ವಯಸ್ಸು, ಸಕ್ಕರೆ ಕಾಯಿಲೆ, ವಾತ, ಹೆಬ್ಬೆರಳು ಓರೆಯಾಗಿ ಪಕ್ಕದ ಬೆರಳನ್ನು ನೂಕುವುದು, ಇವೆಲ್ಲ ಸಣ್ಣವರ ಸೋಲಿಗೆ ಕಾರಣವಾಗಬಹುದು.

ಆದರೂ ಶೂ ಚರಿತ್ರೆ ಓದಿದರೆ ಕೋಪ ಬರದೆ ಇರುವುದಿಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಹಳೆಯ ಸ್ಮಶಾನಗಳಲ್ಲಿ ಸಿಕ್ಕ 177 ಅಸ್ಥಿಪಂಜರಗಳ ಪಾದಗಳನ್ನು ಸಂಶೋಧಕರು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. 11ರಿಂದ 13ನೇ ಶತಮಾನದವರಲ್ಲಿ ಹೆಬ್ಬೆರಳು ಓರೆಯಾಗಿದ್ದವರು ನೂರಕ್ಕೆ 6. 14–15ನೇ ಶತಮಾನದವರಲ್ಲಿ ನೂರಕ್ಕೆ 27. ನಡುವೆ ಆದದ್ದು ಇಷ್ಟೇ, ಮೂತಿ ಚೂಪಾದ ಶೂ ಫ್ಯಾಷನ್ ಬಂತು. ಆಮೇಲೆ, 17–18ನೇ ಶತಮಾನಗಳಲ್ಲಿ, ಯುರೋಪಿನಲ್ಲಿ ಎಡ-ಬಲದ ಭೇದವೇ ಇಲ್ಲದ ನೇರ ಶೂಗಳನ್ನು ಹೊಲಿದರು. ಡಚ್ ಅಂಗರಚನಾ ಶಾಸ್ತ್ರಜ್ಞ ಪೆಟ್ರಸ್ ಕ್ಯಾಂಪರ್ 1781ರಲ್ಲಿ ಶೂ ಹೇಗಿರಬೇಕು ಎಂದು ಒಂದು ಪ್ರಬಂಧವನ್ನೇ ಬರೆದ. ಎಂಥ ಕ್ಷುಲ್ಲಕ ವಸ್ತುವಿನ ಮೇಲಾದರೂ ಬರೆದು ತೋರಿಸುತ್ತೇನೆ ಎಂದು ಶಿಷ್ಯರಿಗೆ ಸವಾಲು ಹಾಕಿ ಬರೆದನೆಂದು ಹೇಳುತ್ತಾರೆ. ಮುಕ್ಕಾಲು ಶತಮಾನ ಕಳೆದ ಮೇಲೆ ಜೂರಿಕ್‌ನ ಹರ್ಮನ್ ಮೇಯರ್ ಅದನ್ನೇ ಲೆಕ್ಕ ಹಾಕಿ, ಚಿತ್ರ ಬಿಡಿಸಿ ಹೇಳಿದ. ಚಪ್ಪಲಿ ಹೊಲಿಯುವವರು ಕೇಳಿಸಿಕೊಂಡರೋ ಏನೋ, ಕೊಳ್ಳುವವರಂತೂ ಕೇಳಿಸಿಕೊಳ್ಳಲಿಲ್ಲ.

ಬಾಗಿದ ಬೆರಳಿಗೆ 19ನೇ ಶತಮಾನದ ಶಸ್ತ್ರವೈದ್ಯರ ಬಳಿ ಇದ್ದ ಸುಲಭದ ದಾರಿ ಎಂದರೆ ಬೆರಳನ್ನೇ ಕತ್ತರಿಸುವುದು. ನೋವು ಹೋಗುತ್ತಿತ್ತು, ನಿಜ. ಆದರೆ ನಡುವಿನ ಗೋಡೆ ಬಿದ್ದ ಮನೆಯಂತೆ ಹೆಬ್ಬೆರಳು ಖಾಲಿ ಜಾಗಕ್ಕೆ ವಾಲಿಕೊಂಡು ಹೊಸ ತೊಂದರೆ ಶುರುವಾಗುತ್ತಿತ್ತು. ಬೆರಳು ಉಳಿಸಿ ಕೀಲನ್ನು ಮಾತ್ರ ತೆಗೆಯುವ ವಿಧಾನ 1880ರ ದಶಕದಲ್ಲಿ ಅಮೆರಿಕದಲ್ಲಿ ಬಂತು. 1910ರಲ್ಲಿ ನ್ಯೂಯಾರ್ಕಿನ ಸೂಲ್ ಎಂಬ ವೈದ್ಯ ಕೀಲಿನ ಎರಡೂ ಬದಿಯ ಮೃದುವಾದ ಹೊದಿಕೆ ತೆಗೆದು, ಮೂಳೆಗೆ ಮೂಳೆ ತಾಗಿಸಿ ಒಂದೇ ಮೂಳೆಯಾಗಿ ಬೆಸೆಯುವ ವಿಧಾನ ಬರೆದ. ನನಗೆ ಮಾಡಿದ್ದೂ ಮೂಲತಃ ಅದೇ.

ತೊಡಕು ಇದ್ದದ್ದು ಬೆಸೆಯುವತನಕ ಹಿಡಿದಿಡುವುದರಲ್ಲಿ. ಬೆರಳಿನ ಮೂಳೆ ಕಡಲೆಬೀಜದಷ್ಟು. ಪಟ್ಟಿ ಕಟ್ಟಿದರೆ ಜಾರುತ್ತದೆ, ದಬ್ಬೆ ಕಟ್ಟಿದರೆ ಚರ್ಮ ಕೊಳೆಯುತ್ತದೆ. 1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬಡಗಿಯ ಉಪಾಯವನ್ನೂ ಮಾಡಿ ನೋಡಿದರು. ಒಂದು ಮೂಳೆಯ ತುದಿಯನ್ನು ಗೂಟದ ಹಾಗೆ ಕೆತ್ತಿ, ಇನ್ನೊಂದರಲ್ಲಿ ತೂತು ಕೊರೆದು, ಬಾಗಿಲ ಚೌಕಟ್ಟು ಕೂರಿಸುವಂತೆ ಕೂರಿಸುವುದು.

ಅತ್ತ ಜರ್ಮನಿಯಲ್ಲಿ ತಂತಿ ಬೇರೆಯೇ ಕೆಲಸದಲ್ಲಿತ್ತು. ಮುರಿದ ತೊಡೆಮೂಳೆಯ ತುಂಡುಗಳು ಒಂದರ ಮೇಲೊಂದು ಹತ್ತದಂತೆ ಕಾಲಿಗೆ ಭಾರ ಕಟ್ಟಿ ಎಳೆದು ಮಲಗಿಸುತ್ತಿದ್ದ ಕಾಲ ಅದು. ಭಾರವನ್ನು ಚರ್ಮಕ್ಕೆ ಅಂಟಿಸಿದ ಪಟ್ಟಿಗೆ ಕಟ್ಟಿದರೆ ಚರ್ಮವೇ ಸುಲಿದು ಬರುತ್ತಿತ್ತು. ಮೂಳೆಗೇ ಮೊಳೆ ಹೊಡೆದು ಅದಕ್ಕೆ ಭಾರ ಕಟ್ಟೋಣ ಎಂದು 1907ರಲ್ಲಿ ಸ್ವಿಟ್ಜರ್‌ಲೆಂಡಿನ ಸ್ಟೈನ್‌ಮನ್ ಹೊರಟ. 1909ರಲ್ಲಿ ಜರ್ಮನಿಯ ಮಾರ್ಟಿನ್ ಕಿರ್ಷ್ನರ್ ತನ್ನ ವಿಧಾನ ತಂದ. ಮೊಳೆ ದಪ್ಪವಿದ್ದಷ್ಟೂ ಗಾಯ ದೊಡ್ಡದು, ಕೀವಿನ ಭಯವೂ ದೊಡ್ಡದು. ಕಿರ್ಷ್ನರ್ ತೆಳುಗೊಳಿಸುತ್ತ ಹೋಗಿ, 1927ರ ಹೊತ್ತಿಗೆ ಪಿಯಾನೊ ತಂತಿಯಂಥ ಸಪೂರ ಉಕ್ಕನ್ನು ಮೂಳೆಯ ಮೂಲಕ ಕೊರೆದು, ಬಿಲ್ಲಿನ ಹೆದೆಯಂತೆ ಬಿಗಿದು ತೋರಿಸಿದ. ಈತ ಸಾಮಾನ್ಯನಲ್ಲ. ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ತೆಗೆದು ರೋಗಿಯನ್ನು ಬದುಕಿಸಿದ ಮೊದಲ ಆಪರೇಷನ್ 1924ರಲ್ಲಿ ಇವನದೇ. ರೋಗಿ ವೈದ್ಯನ ಬಳಿ ಬರುವುದಲ್ಲ, ವೈದ್ಯನೇ ರೋಗಿ ಬಿದ್ದಲ್ಲಿಗೆ ಹೋಗಬೇಕು ಎಂದು ವಾದಿಸಿದವನೂ ಇವನೇ. ಆದರೆ ಹೆಸರು ಉಳಿದಿರುವುದು ತಂತಿಯಲ್ಲಿ. ನನ್ನ ಡಿಸ್ಚಾರ್ಜ್ ಚೀಟಿಯಲ್ಲಿ ‘ಕೆ ವೈರ್’ ಎಂದಿತ್ತು. ಕೆ ಅಂದರೆ ಕಿರ್ಷ್ನರ್.

ತೊಡೆಗೆಂದು ಹುಟ್ಟಿದ ತಂತಿ ಕಾಲ್ಬೆರಳಿಗೆ ಇಳಿದದ್ದು 1940ರಲ್ಲಿ, ಟೇಲರ್ ಎಂಬ ಶಸ್ತ್ರವೈದ್ಯ ಅದನ್ನು ಹ್ಯಾಮರ್ ಟೋಗೆ ಬಳಸಿ ಬರೆದಾಗ. ಕೀಲು ತೆಗೆದು, ನೇರ ಮಾಡಿ, ಉಗುರಿನ ಕೆಳಗಿನಿಂದ ಹಿಂದಕ್ಕೆ ತಂತಿ ಹೊಗಿಸಿ, ತುದಿಯನ್ನು ಹೊರಗೆ ಬಿಡುವುದು. ಮಣಿ ಪೋಣಿಸಿದ ಹಾಗೆ ಮೂಳೆಗಳು ತಂತಿಯ ಮೇಲೆ ಕೂರುತ್ತವೆ. ಆಮೇಲೆ ಚರ್ಮದೊಳಗೇ ಉಳಿಯುವ ಸ್ಕ್ರೂಗಳು, ಮೈಶಾಖಕ್ಕೆ ತಾವೇ ಅರಳಿ ಹಿಡಿಯುವ ನಿಟಿನಾಲ್ ಲೋಹದ ಪುಟ್ಟ ಕೊಂಡಿಗಳು ಬಂದಿವೆ. ಬೆಲೆ ಹೆಚ್ಚು. ತಂತಿಯೇ ಸಾಕು ಅಂದರು ನಮ್ಮ ಡಾಕ್ಟರು, ನನಗೂ ಸಾಕಾಗಿತ್ತು.

ಆಪರೇಷನ್ ದಿನದ ದೊಡ್ಡ ಗಲಾಟೆ ತಂತಿಯದಲ್ಲ, ಕಾಲುಂಗುರದ್ದು. ನಾವು ಕಾಲುಂಗುರ ತೊಡುವುದೂ ಇದೇ ಎರಡನೇ ಬೆರಳಿಗೆ. ಆಪರೇಷನ್ ಆದ ಬೆರಳು ಊದುತ್ತದೆ, ಉಂಗುರವಿದ್ದರೆ ರಕ್ತ ನಿಂತುಹೋಗುತ್ತದೆ, ತೆಗೆಯಲೇಬೇಕು. ಗಂಡ ಗಟ್ಟಿಮುಟ್ಟಾಗಿ ಎದುರಿಗೇ ಕೂತು ಪೇಪರ್ ಓದುತ್ತಿದ್ದರೂ ಅತ್ತೆ, ‘ಬೇಡ ಕಣೇ, ಎಡಗಾಲಿಂದಾದ್ರೂ ಇರ್ಲಿ’ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಸೋಪು ಹಚ್ಚಿದ್ದಾಯಿತು, ಕೊಬ್ಬರಿ ಎಣ್ಣೆ ಹಚ್ಚಿದ್ದಾಯಿತು. ಬಾಗಿದ ಗಂಟು ದಾಟಿ ಉಂಗುರ ಬರಲಿಲ್ಲ. ಕೊನೆಗೆ ನರ್ಸಮ್ಮ ಕತ್ತರಿಸಿ ಎರಡು ಚೂರು ಮಾಡಿ ಹತ್ತಿಯಲ್ಲಿ ಸುತ್ತಿ ಕೊಟ್ಟರು.

ಪಾದಕ್ಕೆ ಮಾತ್ರ ಮರಗಟ್ಟಿಸಿದ್ದರು. ಗರಗಸದ ಸದ್ದು ಕೇಳಿಸಿತು, ಬೇರೆ ಯಾರದೋ ಕಾಲಿಗೆ ಮಾಡುತ್ತಿದ್ದಾರೇನೋ ಎಂಬಂತೆ. ಹೊರಗೆ ಬಂದ ಮೇಲೆ ನರ್ಸಮ್ಮ ಗಳಿಗೆಗೊಮ್ಮೆ ಬೆರಳ ತುದಿ ಒತ್ತಿ ಬಿಟ್ಟು ನೋಡುತ್ತಿದ್ದರು. ಬಿಳಿಚಿದ್ದು ಮತ್ತೆ ಕೆಂಪಾಗಬೇಕು. ವರ್ಷಗಟ್ಟಲೆ ಮಡಚಿಕೊಂಡಿದ್ದ ಬೆರಳನ್ನು ಒಮ್ಮೆಲೇ ನೆಟ್ಟಗೆ ಮಾಡಿದರೆ ಅದರ ರಕ್ತನಾಳಗಳೂ ಎಳೆದಂತಾಗುತ್ತವೆ. ಕೆಂಪು ಮರಳದಿದ್ದರೆ ತಂತಿಯನ್ನೇ ತೆಗೆಯಬೇಕಾದೀತು.

ಆಪರೇಷನ್ ಒಂದು ಗಂಟೆಯೊಳಗೆ ಮುಗಿಯಿತು. ಮಿಕ್ಕದ್ದೆಲ್ಲ ಮನೆಯಲ್ಲಿ. ಮೊದಲ ಎರಡು ವಾರ ಕಾಲು ಎದೆಗಿಂತ ಮೇಲಿರಬೇಕು ಎಂದಿದ್ದರು. ಕುರ್ಚಿಯಲ್ಲಿ ಕೂತು ಸ್ಟೂಲಿನ ಮೇಲಿಟ್ಟರೆ ಸಾಲದು, ಮಲಗಿಯೇ ಇಡಬೇಕು. ಕೆಳಗೆ ಬಿಟ್ಟ ಐದೇ ನಿಮಿಷಕ್ಕೆ ಬೆರಳು ನೇರಳೆ ಬಣ್ಣಕ್ಕೆ ತಿರುಗಿ ಧಗಧಗ ಅನ್ನುತ್ತಿತ್ತು. ಓಡಾಡಲು ಹಲಗೆಯಂಥ ಗಟ್ಟಿ ಅಟ್ಟೆಯ ಶೂ ಕೊಟ್ಟಿದ್ದರು. ಮುಂಗಾಲು ನೆಲಕ್ಕೆ ತಾಗದಂತೆ ಹಿಮ್ಮಡಿಯ ಮೇಲೇ ಭಾರ ಹಾಕಿಸುವ ಈ ಬಗೆಯದಕ್ಕೆ ಫ್ರಾನ್ಸಿನ ಶಸ್ತ್ರವೈದ್ಯ ಬರೂಕ್ ಹೆಸರಿದೆ. ಅದನ್ನು ಹಾಕದೆ ಒಂದು ಹೆಜ್ಜೆಯೂ ಇಡಕೂಡದು, ಮನೆಯೊಳಗೂ. ನಮ್ಮಲ್ಲಿ ದೇವರ ಮನೆ ದಾಟದೆ ಬಚ್ಚಲಿಗೆ ದಾರಿಯಿಲ್ಲ. ಅತ್ತೆ ಒಂದು ದಿನ ಯೋಚಿಸಿ ತೀರ್ಪು ಕೊಟ್ಟರು: ‘ಹೊರಗಡೆ ತುಳಿದಿಲ್ಲ ತಾನೆ? ಹಾಗಾದ್ರೆ ಅದು ಚಪ್ಪಲಿ ಅಲ್ಲ, ಪಟ್ಟಿ.’

ಹೊಸ್ತಿಲನ್ನು ನಾನು ಅಷ್ಟು ಭಯಭಕ್ತಿಯಿಂದ ಹಿಂದೆಂದೂ ದಾಟಿರಲಿಲ್ಲ. ತಂತಿಯ ತುದಿಗೆ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿದ್ದರೂ ಚಾದರದ ನೂಲು ಸಿಕ್ಕಿಕೊಳ್ಳುತ್ತಿತ್ತು. ತಂತಿ ಅಲ್ಲಾಡಿದರೆ, ಹೊರಗೆ ಜಾರಿದರೆ ನೀವೇ ಒಳಗೆ ತಳ್ಳಬೇಡಿ, ಬನ್ನಿ ಎಂದಿದ್ದರು. ಕೀವು, ಜ್ವರ, ಮೀನಖಂಡದಲ್ಲಿ ನೋವು ಕಂಡರೆ ಅದೇ ದಿನ ಬರಬೇಕು. ಸ್ನಾನಕ್ಕೆ ಮೊದಲು ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಸ್ಟೂಲಿನ ಮೇಲೆ ಕೂತು, ಕಾಲನ್ನು ಬಕೆಟ್ಟಿನಿಂದ ದೂರ ಚಾಚಿ. ಕುಕ್ಕರಗಾಲಲ್ಲಿ ಕೂರುವ ಪ್ರಶ್ನೆಯೇ ಇಲ್ಲ. ಊಟದಲ್ಲಿ ಎರಡು ಪಟ್ಟಿ: ಬದನೆಕಾಯಿ ನಂಜು, ಗೆಡ್ಡೆ ನಂಜು ಎಂದು ಅತ್ತೆ, ಮಾಂಸ ಕಟ್ಟಿಕೊಳ್ಳಲು ಪ್ರೋಟೀನ್ ತಿನ್ನಿ ಎಂದು ಡಾಕ್ಟರು. ಎರಡೂ ಪಟ್ಟಿಯಲ್ಲಿ ಪಾಸಾದದ್ದು ಹೆಸರುಬೇಳೆ ತೊವ್ವೆ. ಆರು ವಾರ ಅದನ್ನೇ ತಿಂದೆ.

ರಾತ್ರಿ ನೋವು ಎಬ್ಬಿಸಿದಾಗ ನೋಡಿದರೆ ಕಾಲು ದಿಂಬಿನಿಂದ ಕೆಳಗೆ ಬಿದ್ದಿರುತ್ತಿತ್ತು. ಪಾಲ್ ಬ್ರಾಂಡ್ ನೆನಪಾದದ್ದು ಆಗ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಮೊದಲು ಬಡಗಿ–ಗಾರೆ ಕೆಲಸ ಕಲಿತು, ಆಮೇಲೆ ವೈದ್ಯರಾಗಿ 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಆರೈಕೆಗೆ ನಿಂತವರು. ಕುಷ್ಠದಲ್ಲಿ ಪಾದದ ನರ ಸತ್ತರೆ ಒಳಗಿನ ಸಣ್ಣ ಸ್ನಾಯುಗಳು ಸೋತು ಬೆರಳುಗಳು ಹಕ್ಕಿಯ ಉಗುರಿನ ಹಾಗೆ ಮಡಚಿಕೊಳ್ಳುತ್ತವೆ. ನನ್ನ ಬೆರಳಿನಲ್ಲಿ ದಶಕಗಟ್ಟಲೆ ನಡೆದದ್ದೇ ಅಲ್ಲಿ ಬೇಗ, ಎಲ್ಲ ಬೆರಳಿಗೂ ಆಗುತ್ತದೆ. ಬೆರಳನ್ನು ಬಗ್ಗಿಸುವ ಸ್ನಾಯುರಜ್ಜುವನ್ನೇ ಮೇಲಕ್ಕೆ ತಂದು ಹೊಲಿದು ನೆಟ್ಟಗೆ ಮಾಡುವ ಆಪರೇಷನ್ 1951ರಲ್ಲಿ ಪ್ರಕಟವಾಗಿತ್ತು, ಅದಕ್ಕೆ ಆಕ್ಸ್‌ಫರ್ಡಿನ ಗರ್ಡಲ್‌ಸ್ಟೋನ್ ಹೆಸರು ಅಂಟಿದೆ. ಆದರೆ ಎಂಥ ಆಪರೇಷನ್ ಆದರೂ ಕುಷ್ಠದ ರೋಗಿಗೆ ಆಮೇಲಿನ ನೋವು ಇರುವುದಿಲ್ಲ. ಇರುವುದಿಲ್ಲವಾದ್ದರಿಂದಲೇ ಆತ ಹಸಿ ಗಾಯದ ಮೇಲೆ ಎದ್ದು ನಡೆದುಬಿಡುತ್ತಾನೆ. ಕೊಳೆಸುವುದು ರೋಗವಲ್ಲ, ನೋವಿಲ್ಲದಿರುವುದು ಎಂದು ಬ್ರಾಂಡ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಆ ಕೆಲಸದಿಂದ ಹುಟ್ಟಿದ್ದೇ ಮೆತ್ತನೆಯ ಮೈಕ್ರೋಸೆಲ್ಯುಲಾರ್ ರಬ್ಬರಿನ ಚಪ್ಪಲಿ. ಎಂಸಿಆರ್ ಎಂದು ಕೇಳಿದರೆ ನಮ್ಮ ಊರುಗಳ ಅಂಗಡಿಗಳಲ್ಲೂ ಸಿಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಡಾಕ್ಟರು ಬರೆದುಕೊಡುವುದು ಅದನ್ನೇ. ಅಂಥವರ ಬೆರಳು ಬಾಗಿದ್ದರೆ ನೋವಿಲ್ಲವೆಂದು ಸುಮ್ಮನಿರಬಾರದು, ಕಾಲಾಣಿಗೆ ಬ್ಲೇಡು, ಆಸಿಡ್ ಪಟ್ಟಿ ಹಾಕಲೇಬಾರದು.

ತಂತಿ ತೆಗೆದ ಮೇಲೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಬೆರಳು ತೊಂಡೆಕಾಯಿಯ ಹಾಗೆ ಊದಿಕೊಂಡಿತ್ತು. ಪಕ್ಕದ ಬೆರಳಿಗೆ ಸೇರಿಸಿ ಟೇಪು ಸುತ್ತಿಕೊಂಡು ಇನ್ನಷ್ಟು ವಾರ ಕಳೆದೆ. ಮೂರನೇ ತಿಂಗಳಿಗೆ ಅಗಲ ಮೂತಿಯ ಚಪ್ಪಲಿ ಹಾಕಿ ತರಕಾರಿ ಅಂಗಡಿಗೆ ಹೋಗಿ ಬಂದೆ. ಈಗ ಎಂಟನೇ ತಿಂಗಳು. ಬೆಳಿಗ್ಗೆ ಬೆರಳು ಬೆರಳಿನಂತೆಯೇ ಇರುತ್ತದೆ, ಸಂಜೆಗೆ ಸ್ವಲ್ಪ ತೊಂಡೆಕಾಯಿ. ಆ ಗಂಟಿನಲ್ಲಿ ಅದು ಇನ್ನು ಮಡಚುವುದಿಲ್ಲ, ಮಡಚುವ ಕೀಲೇ ಇಲ್ಲ. ಮೂಳೆ ತೆಗೆದದ್ದರಿಂದ ಕೆಲವು ಮಿಲಿಮೀಟರ್ ಮೋಟಾಗಿ, ಹೆಬ್ಬೆರಳಿಗೆ ಸರಿಸಮನಾಗಿ ನಿಂತಿದೆ. ಮನೆಯವರು ಅದನ್ನು ಗಮನಿಸಿ ಏನೋ ಹೇಳಲು ಬಾಯಿ ತೆರೆದರು, ಅತ್ತೆ ಕಣ್ಣು ಬಿಟ್ಟ ಮೇಲೆ ಸುಮ್ಮನಾದರು.

ಕಾಲುಂಗುರದ ಎರಡು ಚೂರು ಬೀರುವಿನಲ್ಲಿವೆ. ಅಕ್ಕಸಾಲಿಗರು ಬೆರಳನ್ನು ನೋಡಿ, ಊತ ಪೂರ್ತಿ ಇಳಿಯಲಿ, ಆಮೇಲೆ ಅಳತೆ ತಗೊಳ್ತೀನಿ ಅಂದಿದ್ದಾರೆ. ಅದಕ್ಕೆ ಒಂದು ವರ್ಷವಾದರೂ ಬೇಕಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇನ್ನೂ ನಾಲ್ಕು ತಿಂಗಳಿದೆ.